ನಾಲ್ಕನೆಯ ಜ್ವರ

ತಟ್ಟೆಯ ಅರ್ಧಕ್ಕೆ ಸೊಪ್ಪು ಹರಡಿದ್ದ ಆವಲಮ್ಮ ಅಲ್ಲಿಗೇ ಕೈ ನಿಲ್ಲಿಸಿದಳು. ರೇಷ್ಮೆಹುಳಗಳು ತಿನ್ನುತ್ತಿರಲಿಲ್ಲ. ಬೆಳಗಿನವರೆಗೆ ತಟ್ಟೆಗಳಿಂದ ಬರುತ್ತಿದ್ದ ಸರಸರ ಸದ್ದು ನಿಂತುಹೋಗಿತ್ತು. ಒಂದೆರಡು ಹುಳ ಎಲೆಯ ಅಂಚು ಕಚ್ಚಿಕೊಂಡು ಸುಮ್ಮನಿದ್ದವು. ಉಳಿದವು ತಲೆ ಮೇಲಕ್ಕೆತ್ತಿ, ದೂರದಲ್ಲಿ ಯಾರೋ ಕರೆದದ್ದಕ್ಕೆ ಕಿವಿಗೊಟ್ಟವರಂತೆ ಅಲುಗದೆ ಕೂತಿದ್ದವು. ಅವುಗಳ ಮೈ ಬಿಗಿದು ಮೇಣದ ಬಣ್ಣಕ್ಕೆ ತಿರುಗಿತ್ತು.

ಆಗತಾನೇ ಹರಡಿದ್ದ ಸೊಪ್ಪನ್ನು ಅವಳು ಒಂದೊಂದಾಗಿ ಹಿಂದಕ್ಕೆ ಆರಿಸಿಕೊಂಡಳು.

"ಅತ್ತೆ, ಜ್ವರಕ್ಕೆ ಕೂತ್ವು."

ದೊಡ್ಡಗಂಗಮ್ಮ ಬಾಗಿಲಿಗೆ ಕಟ್ಟಿದ್ದ ಒದ್ದೆ ಗೋಣಿಯನ್ನು ಸರಿಸಿ ಇಣುಕಿದಳು. "ಎಲ್ಲಾ ತಟ್ಟೇಲೂನಾ?"

"ಎಲ್ಲದ್ರಲ್ಲೂ."

"ಹಂಗಾದ್ರೆ ಈಚೆ ಬಾ. ಇನ್ನು ಯಾರೂ ಮುಟ್ಟಬೇಡಿ. ಲೇ ಗಂಗರತ್ನ, ಹುಳ ಏಳೋವರ್ಗೂ ಒಗ್ಗರಣೆ ಹಾಕ್ಬೇಡ, ಕೇಳಿಸ್ತಾ? ಆ ತಲೆ ಮೊದ್ಲು ಕಟ್ಕೊ. ಬಿಚ್ಚು ತಲೇಲಿ ಹುಳದ ಮನೆ ಹೊಸಲು ಹತ್ರಾನೂ ಬರ್ಬೇಡ ಅಂತ ಎಷ್ಟ್ ಸಲ ಹೇಳ್ಲಿ."

ಕಿರಿಯ ಸೊಸೆ ಗಂಗರತ್ನಮ್ಮ ಅಂಗಳದಲ್ಲೇ ನಿಂತು ಸರ್ರನೆ ಕೂದಲು ಸುತ್ತಿ ಗಂಟು ಹಾಕಿಕೊಂಡಳು. ಎರಡೂ ಕೈಗಳು ತಲೆಯ ಹಿಂದಕ್ಕೆ ಹೋಗಿ ಬಂದದ್ದು ಅವಳಿಗೇ ತಿಳಿದಿರಲಾರದು. ಆವಲಮ್ಮ ಅದನ್ನು ನೋಡಿದಳು. ಕೈ ಹಾಗೆ ಹೋಗುವುದನ್ನು ಈಗ ಅವಳು ಎಲ್ಲರಲ್ಲೂ ನೋಡುತ್ತಿದ್ದಳು.

ಅದು ನಿಜವಾದ ಜ್ವರವೇನಲ್ಲ. ರೇಷ್ಮೆಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಚರ್ಮ ಕಳಚುತ್ತದೆ. ಕಳಚುವ ಮುಂಚೆ ತಿನ್ನುವುದನ್ನು ಬಿಟ್ಟು ಸುಮ್ಮನೆ ಕೂರುತ್ತದೆ. ಹುತ್ತೂರಿನ ಕಡೆ ಅದಕ್ಕೆ ಜ್ವರವೆಂದೇ ಹೆಸರು. ಜ್ವರ ಬಂದ ಹುಳವನ್ನು ಮುಟ್ಟಬಾರದು, ತಟ್ಟೆ ಅಲುಗಿಸಬಾರದು, ಮನೆಯಲ್ಲಿ ಕೂಗಾಡಬಾರದು. ಯುದ್ಧ ಶುರುವಾದ ಮೇಲೆ ವಿಮಾನದಿಂದ ಧುಮುಕುವ ಸಿಪಾಯಿಗಳ ಗಾಳಿಕೊಡೆಗಳಿಗೆ ರೇಷ್ಮೆ ಬೇಕೆಂದು ಗೂಡಿಗೆ ಬೆಲೆ ಬಂದಿತ್ತು. ಆಮೇಲೆ ದೊಡ್ಡಗಂಗಮ್ಮನ ಮನೆಯಲ್ಲಿ ಈ ಕಟ್ಟಳೆ ಇನ್ನೂ ಬಿಗಿಯಾಗಿತ್ತು. ಆ ಒಂದು ದಿನ ಗಂಡಸರು ಕೂಡ ಕೆಮ್ಮಬೇಕೆಂದರೆ ಬೀದಿಗೆ ಹೋಗುತ್ತಿದ್ದರು.

ಆವಲಮ್ಮನಿಗೆ ಜ್ವರವಿರಲಿಲ್ಲ. ಅದೇ ಅವಳ ತೊಂದರೆ.

ಎರಡು ವರ್ಷದ ಹಿಂದೆ ಹೆರಿಗೆಯಾಗಿ ಮಗು ಉಳಿಯದೆ ಹೋದ ಮೇಲೆ ಶುರುವಾಗಿದ್ದ ನೋವು. ಒಂದು ದಿನ ಹೆಗಲು, ಇನ್ನೊಂದು ದಿನ ಸೊಂಟ, ಕೆಲವು ದಿನ ಎಲ್ಲ ಕಡೆಯೂ. ಸೀರೆಯ ನೆರಿಗೆ ಸಿಕ್ಕಿಸಿದ ಜಾಗ ಹುಣ್ಣಿನಂತೆ ಉರಿಯುತ್ತಿತ್ತು. ಬಳೆ ಜಾರಿ ಮೊಣಕೈಗೆ ತಗುಲಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಇರುಳೆಲ್ಲ ಮಲಗಿದರೂ ಬೆಳಿಗ್ಗೆ ಹೊಲ ಉತ್ತು ಬಂದವಳ ಹಾಗೆ ಏಳುತ್ತಿದ್ದಳು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದೆ ಮತ್ತೆ ಹಾಕುತ್ತಿದ್ದಳು. ದೊಡ್ಡಗಂಗಮ್ಮ ಹಣೆ ಮುಟ್ಟಿ ನೋಡಿ, "ತಣ್ಣಗೈತೆ" ಎಂದು ಕೈ ತೆಗೆಯುತ್ತಿದ್ದಳು. ಕೋಲಾರದ ಡಾಕ್ಟರು ನಾಲಿಗೆ ನೋಡಿ, ಏನೂ ಇಲ್ಲ, ಮನಸ್ಸು ಗಟ್ಟಿ ಮಾಡ್ಕೋಬೇಕು ಎಂದಿದ್ದರು. ಯಾವ ಮನಸ್ಸನ್ನು, ಹೇಗೆ ಗಟ್ಟಿ ಮಾಡಿಕೊಳ್ಳಬೇಕೆಂದು ಅವರು ಹೇಳಲಿಲ್ಲ.

ನಂಬಿದವನು ಗಂಡ ಸೊಣ್ಣಪ್ಪನೊಬ್ಬನೇ.

ತೋಳು ಹೆಗಲಿಗಿಂತ ಮೇಲೇಳದ ಒಂದು ಬೆಳಗಿನ ಜಾವ ಅವಳು ಬಾಚಣಿಗೆ ಹಿಡಿದುಕೊಂಡು ಗೋಡೆಗೆ ಮುಖಮಾಡಿ ಅಳುತ್ತಿದ್ದುದನ್ನು ಅವನು ಕಂಡಿದ್ದ. ಏನೂ ಕೇಳದೆ ಬಾಚಣಿಗೆ ಇಸಿದುಕೊಂಡ. ಎತ್ತಿನ ಹಗ್ಗ ಹೊಸೆಯುವ ಕೈ. ಮೊದಮೊದಲು ಅವಳ ಕೂದಲನ್ನೂ ಹಗ್ಗದಂತೆಯೇ ಹೊಸೆದ. ಬರಬರುತ್ತಾ ಕೈ ಹದಕ್ಕೆ ಬಂತು. ಸಿಕ್ಕು ಬಿಡಿಸುವಾಗ ಬುಡ ಹಿಡಿದುಕೊಂಡು ಬಿಡಿಸುವುದನ್ನು ತಾನಾಗಿಯೇ ಕಲಿತ.

"ಯಾರಿಗೂ ಹೇಳ್ಬೇಡ ಕಣೇ" ಎಂದಿದ್ದ.

"ಹೇಳಿದ್ರೆ ನಿನ್ ತಮ್ಮ ನಿಂಗೊಂದು ಸೀರೆ ತಂದ್ಕೊಡ್ತಾನೆ" ಎಂದು ಅವಳು ನಕ್ಕಿದ್ದಳು.

ಅಂದಿನಿಂದ ಮನೆಯವರು ಏಳುವ ಮೊದಲೇ ಕೋಣೆಯೊಳಗೆ ಆ ಕೆಲಸ ಮುಗಿಯುತ್ತಿತ್ತು. ದಿನದಲ್ಲಿ ಅವಳ ಮೈಗೆ ನೋವಾಗದಂತೆ ಯಾರಾದರೂ ಕೈ ತಾಗಿಸುತ್ತಿದ್ದರೆ ಅದೊಂದೇ ಹೊತ್ತು. ಅಷ್ಟು ನೆನೆಸಿಕೊಂಡೇ ಅವಳು ಸಂಜೆಯವರೆಗೆ ನೂಕುತ್ತಿದ್ದಳು.

ಈ ಬೆಳೆಯಲ್ಲಿ ಅವಳು ಇನ್ನೊಂದನ್ನು ಕಂಡುಕೊಂಡಿದ್ದಳು. ಹುಳಗಳು ಜ್ವರಕ್ಕೆ ಕೂತ ದಿನ ಅವಳಿಗೂ ಕೆಲಸವಿರುತ್ತಿರಲಿಲ್ಲ. ಬಿಸಿಲು ಬೀಳುವ ಕಡೆ ಗೋಡೆಗೊರಗಿ ಕೂರುತ್ತಿದ್ದಳು, ಸ್ವಲ್ಪ ಹಿತ್ತಲಲ್ಲಿ ನಡೆಯುತ್ತಿದ್ದಳು, ಮತ್ತೆ ಕೂರುತ್ತಿದ್ದಳು. ಮಾರನೆಯ ಬೆಳಿಗ್ಗೆ ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದವು. ಮೊದಲನೆಯ ಜ್ವರದಲ್ಲಿ ಅದನ್ನು ಅದೃಷ್ಟವೆಂದುಕೊಂಡಳು. ಎರಡನೆಯದರಲ್ಲೂ ಹಾಗೇ ಆಯಿತು. ಮೂರನೆಯದರಲ್ಲಿ ಸೊಣ್ಣಪ್ಪನಿಗೆ ಹೇಳಿದಳು.

"ಕೆಲ್ಸ ಬೇಡ ಅಂತಲ್ಲ. ಮೈ ಮುರಿಯೋಕೆ ಮುಂಚೆ ಒಸಿ ಕೂತ್ಕೊಳಕ್ಕೆ ಬಿಟ್ರೆ ಸಾಕು. ಕೂತು ಎದ್ದು ಮಾಡ್ಕೊಂಡೋಗ್ತೀನಿ. ನಾಲ್ಕನೇ ಜ್ವರ ಎದ್ಮೇಲೆ ಹಗಲೂ ರಾತ್ರಿ ಸೊಪ್ಪು ಹಾಕ್ಬೇಕಲ್ಲ, ಅದೊಂದು ನನ್ ಕೈಲಿ ಆಗಲ್ಲ. ಹೋದ್ಸಲ ಅದಾದ್ಮೇಲೆ ತಿಂಗ್ಳು ಏಳ್ಲಿಲ್ಲ ನಾನು."

"ಅಮ್ಮಂಗೆ ನಾನು ಹೇಳ್ತೀನಿ" ಎಂದ ಸೊಣ್ಣಪ್ಪ, ಅವಳ ತುರುಬಿಗೆ ಕೊನೆಯ ಸುತ್ತು ಸುತ್ತುತ್ತಾ. "ಎಲ್ಲಾರ ಮುಂದೇನೇ ಹೇಳ್ತೀನಿ. ನೀನು ಸುಮ್ನಿರು."

ಅವಳು ಅದನ್ನು ಅವನಿಗೇ ಬಿಟ್ಟಳು.

ನಾಲ್ಕನೆಯ ಜ್ವರದ ಆ ಮಧ್ಯಾಹ್ನ ರಾಯಲ್ಪಾಡಿನಿಂದ ವೆಂಕಟರಮಣಪ್ಪ ಬಂದ. ದೊಡ್ಡಗಂಗಮ್ಮನ ದೊಡ್ಡಪ್ಪನ ಮಗ, ಆ ಕಡೆಯ ಹಳ್ಳಿಗಳಲ್ಲಿ ನಾಡಿ ನೋಡಿ ಬೇರು ಕೊಡುವವನು, ಮಾತು ಅರ್ಧ ತೆಲುಗು. ಸೊಸೆಯ ವಿಷಯ ಒಂದು ಇತ್ಯರ್ಥವಾಗಲಿ ಎಂದು ದೊಡ್ಡಗಂಗಮ್ಮನೇ ಕರೆಸಿದ್ದಳು. ಅವನ ಒಂದು ಕಿವಿ ಮಂದ. ಹುಳಗಳು ಜ್ವರದಲ್ಲಿದ್ದುದರಿಂದ ಮನೆಯಲ್ಲಿ ಯಾರೂ ದನಿ ಎತ್ತುವಂತಿರಲಿಲ್ಲ. ನಡುಮನೆಯಲ್ಲಿ ಕೂತ ಎಲ್ಲರೂ ಪಿಸುಗುಟ್ಟುತ್ತಿದ್ದರು, ಅವನು ಕಿವಿಗೆ ಕೈ ಒಡ್ಡಿ, "ಆ? ಏಮೀ?" ಎಂದು ಅದನ್ನೇ ಎರಡೆರಡು ಸಲ ಹೇಳಿಸುತ್ತಿದ್ದ.

ಅವಳ ನಾಡಿ ಹಿಡಿದ. ಹೆಗಲ ಮೇಲೆ ಹೆಬ್ಬೆರಳು ಒತ್ತಿದ. "ಇಕ್ಕಡ ನೊಪ್ಪಾ ಅಮ್ಮಾ?"

"ಹೂಂ, ನೋವು."

"ಇಕ್ಕಡ?"

ಅವಳು ತುಟಿ ಕಚ್ಚಿಕೊಂಡಳು.

"ಎಲ್ಲಿ ಒತ್ತಿದ್ರೂ ಹೂಂ ಅಂತಾಳೆ ಮಾಮ" ಎಂದಳು ಗಂಗರತ್ನಮ್ಮ. "ನೀವು ಗೋಡೆ ಒತ್ತಿದ್ರೂ ಅಕ್ಕ ಅಮ್ಮಾ ಅಂತಾಳೆ."

"ನೀನು ಸುಮ್ಕಿರೇ" ಎಂದ ದೊಡ್ಡಗಂಗಮ್ಮ ಅವನ ಒಳ್ಳೆಯ ಕಿವಿಯ ಕಡೆಗೆ ಬಾಗಿದಳು. "ನೋಡಣ್ಣಯ್ಯ, ನಾನು ಕೆಟ್ಟೋಳಲ್ಲ. ನಾಳೆ ಹುಳ ಏಳ್ತವೆ. ಇವ್ಳು ಕಾಯಿಲೆಯೋಳು ಅಂದ್ರೆ ಹೇಳ್ಬಿಡು, ಮುಳಬಾಗ್ಲಿಂದ ನನ್ ತಂಗಿ ಮಗಳು ಮುನಿಶಾಮಮ್ಮನ್ನ ಕರೆಸ್ಕೊಂತೀನಿ, ಇವ್ಳು ಮಲಗ್ಲಿ. ನಾಟ್ಕ ಅಂದ್ರೆ ಅದ್ನೂ ಹೇಳು. ಇಬ್ರು ಸೊಸೇರಲ್ಲಿ ಒಬ್ಳೇ ದುಡೀತಾ ಇದ್ರೆ ಮನೆ ಎರಡಾಗ್ತದೆ."

ವೆಂಕಟರಮಣಪ್ಪ ಅವಳ ಕೈ ಬಿಟ್ಟ. "ಬಾವು ಲೇದು, ಜ್ವರಂ ಲೇದು. ನಾಡಿ ಚೆನ್ನಾಗೈತೆ. ಇಂಥಾ ನೋವು ನಾಡೀಲಿ ಸಿಗಲ್ಲಮ್ಮ, ಪಕ್ಕದಲ್ಲಿ ಮಲಗೋನಿಗೆ ಸಿಗ್ತದೆ. ಏಮಯ್ಯಾ ಸೊಣ್ಣಪ್ಪ, ನೀನೇ ಚೆಪ್ಪು."

ಸೊಣ್ಣಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಪಕ್ಕದಲ್ಲಿ ತಮ್ಮ ಗುರುವಪ್ಪ ಕೂತು ಕಡ್ಡಿಯಿಂದ ಹಲ್ಲು ಕೆದಕುತ್ತಿದ್ದ. ಆವಲಮ್ಮನಿಗೆ ಆ ಕ್ಷಣ ಮೈ ಹಗುರವಾಯಿತು. ಎಲ್ಲರ ಮುಂದೆ ಹೇಳುತ್ತೇನೆ ಎಂದಿದ್ದ, ಎಲ್ಲರೂ ಇದ್ದರು.

ಅವನು ಬಾಯಿ ತೆರೆಯುವ ಮೊದಲೇ ಗಂಗರತ್ನಮ್ಮ ಪಿಸುದನಿಯಲ್ಲೇ ಹೇಳಿದಳು: "ಕೈ ಎತ್ತಕ್ಕೇ ಆಗಲ್ಲ ಅಂತಾಳಲ್ಲ, ಆ ತುರುಬು ನೋಡಿ ಮಾಮ. ಎರಡೂ ಕೈ ಮೇಲಕ್ಕೆ ಹೋಗ್ದೆ ಅಷ್ಟು ನೀಟಾಗಿ ಹೆಂಗೆ ಕೂತ್ಕೊಂತು? ನಂಗೇ ಬರಲ್ಲ ಅಂಥಾ ಗಂಟು."

ಎಲ್ಲರೂ ಅವಳ ತುರುಬನ್ನು ನೋಡಿದರು. ದೊಡ್ಡಗಂಗಮ್ಮ ಬಾಗಿ ಹಿಂದಿನಿಂದಲೂ ನೋಡಿದಳು. ಅದು ಚೆನ್ನಾಗಿಯೇ ಇತ್ತು. ಒಂದು ಎಳೆ ಹೊರಗೆ ಬಂದಿರಲಿಲ್ಲ.

ಅದು ನಿಮ್ಮ ಮಗ ಕಟ್ಟಿದ್ದು ಎಂದು ಆವಲಮ್ಮ ಹೇಳಬಹುದಾಗಿತ್ತು.  ಆದರೆ ಯಾರಿಗೂ ಹೇಳಬೇಡ ಎಂದವನು ಅವನು; ಹೇಳುವುದಾದರೆ ಅವನೇ ಹೇಳಬೇಕು. ಅವಳು ಅವನ ಕೈಗಳನ್ನು ನೋಡಿದಳು. ಅವನು ಅವುಗಳನ್ನು ಬೆನ್ನ ಹಿಂದೆ ಕಂಬಕ್ಕೆ ಕೊಟ್ಟು ನಿಂತಿದ್ದ.

"ಏನಣ್ಣ" ಎಂದ ಗುರುವಪ್ಪ, ಕಡ್ಡಿ ಬಾಯಲ್ಲಿಟ್ಟುಕೊಂಡೇ. "ಅತ್ತಿಗೆ ತುರುಬು ನೀನೇನಾದ್ರೂ ಕಟ್ತೀಯೇನು?"

ಗಂಗರತ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ದೊಡ್ಡಗಂಗಮ್ಮನಿಗೂ ನಗು ಬಂತು. ಸೊಣ್ಣಪ್ಪನೂ ನಕ್ಕ.

"ಅವ್ಳೇ ಕಟ್ಕೊಂಡಿದ್ದು" ಎಂದ.

"ಆ? ಏಮಂಟಿವಿ?" ವೆಂಕಟರಮಣಪ್ಪ ಕಿವಿಗೆ ಕೈ ಒಡ್ಡಿದ.

ಇನ್ನೊಂದು ಸಲ ಹೇಳಬೇಕಾಗಿ ಬಂತು. ಇನ್ನೊಂದು ಸಲ ಹೇಳುವುದೆಂದರೆ ಬದಲಾಯಿಸಲೂ ಒಂದು ಅವಕಾಶ. ಆವಲಮ್ಮ ಕಾದಳು. ಸೊಣ್ಣಪ್ಪ ಮುದುಕನ ಕಿವಿಯ ಹತ್ತಿರಕ್ಕೇ ಬಾಗಿ, ಮೊದಲಿಗಿಂತ ಬಿಡಿಸಿ ಹೇಳಿದ: "ಅವ್ಳ ತುರುಬು ಅವ್ಳೇ ಕಟ್ಕೊಂತಾಳೆ ಮಾಮ. ರಾತ್ರಿ ಚೆನ್ನಾಗಿ ನಿದ್ದೇನೂ ಮಾಡ್ತಾಳೆ. ನೋವು ಗೀವು ನಾನೇನೂ ಕಾಣೆ."

"ಸರಿ ಬಿಡಮ್ಮ" ಎಂದು ವೆಂಕಟರಮಣಪ್ಪ ಎದ್ದ. "ಒಂದು ಬೇರು ಕೊಡ್ತೀನಿ, ಅರೆದು ಕುಡೀಲಿ. ಕೆಲ್ಸ ಮಾಡಿದ್ರೆ ಮೈ ಸಡಿಲ ಆಗ್ತದೆ."

ಆವಲಮ್ಮನಿಗೆ ಕಿರುಚಬೇಕೆನ್ನಿಸಿತು. ಆದರೆ ಗೋಣಿಯ ಆಚೆ ಹುಳಗಳು ಜ್ವರದಲ್ಲಿದ್ದವು. ಈ ಮನೆಗೆ ಬಂದು ಹದಿನಾರು ವರ್ಷ ಕಲಿತ ಅಭ್ಯಾಸ. ಸದ್ದಾಗದಂತೆ ಎದ್ದು ಹಿತ್ತಲಿಗೆ ಹೋದಳು.

ಸಂಜೆಗೆ ಸೊಣ್ಣಪ್ಪ ಅಲ್ಲಿಗೆ ಬಂದ. ಬಾನಿಯ ನೀರಲ್ಲಿ ಕೈ ತೊಳೆದ, ತೊಳೆದ ಕೈಯನ್ನೇ ಮತ್ತೆ ತೊಳೆದ.

"ಎಲ್ಲಾರ ಮುಂದೆ ಏನಂತ ಹೇಳ್ಲಿ ನಾನು? ಗುರುವ ಹಂಗೆ ಕೇಳ್ಬಿಟ್ಟ. ನಾಳೆ ಹುತ್ತೂರು ಸಂತೇಲಿ ತಲೆ ಎತ್ಕೊಂಡು ಓಡಾಡ್ಬೇಕಲ್ಲ ಕಣೇ."

ಅವಳು ಬಾನಿಯ ಕಡೆಯಿಂದ ಮುಖ ತಿರುಗಿಸಿದಳು.

"ನಂಗೊತ್ತಿಲ್ವಾ ನಿನ್ ನೋವು? ಬೇರೆ ಯಾರಿಗೆ ಗೊತ್ತು?" ಎಂದು ಅವನು ಹತ್ತಿರ ಬಂದ. "ನಾಳೆ ಬೆಳಿಗ್ಗೆ ಇನ್ನೂ ಬೇಗ ಏಳಿಸ್ತೀನಿ. ದಿನವೆಲ್ಲಾ ಬಿಚ್ಚದಂಗೆ ಗಟ್ಟಿಯಾಗಿ ಕಟ್ಟಿಕೊಡ್ತೀನಿ. ಆಯ್ತಾ?"

ಅದನ್ನು ಅವನು ಪ್ರೀತಿಯಿಂದಲೇ ಹೇಳಿದ. ಅವಳನ್ನು ಹೆಚ್ಚು ನೋಯಿಸಿದ್ದು ಅದು. ಅತ್ತೆ ನಂಬಿರಲಿಲ್ಲ, ನಂಬದವಳು ಕೈಬಿಟ್ಟರೆ ಅದರಲ್ಲಿ ಏನೂ ಇಲ್ಲ. ಇವನಿಗೆ ಗೊತ್ತಿತ್ತು. ಅವಳ ತಲೆಯ ಯಾವ ಜಾಗ ಮುಟ್ಟಿದರೆ ಮೈ ನಡುಗುತ್ತದೆ ಎಂಬುದು ಕೂಡ ಗೊತ್ತಿತ್ತು. ಗೊತ್ತಿದ್ದವನು ತಾನೇ ಕಟ್ಟಿದ ಗಂಟನ್ನು ಅವಳ ಮೇಲೆ ಸಾಕ್ಷಿ ಮಾಡಿ, ನಾಳೆ ಅದನ್ನು ಇನ್ನೂ ಗಟ್ಟಿಯಾಗಿ ಕಟ್ಟುತ್ತೇನೆ ಎನ್ನುತ್ತಿದ್ದ. ಅವನು ಅಷ್ಟು ದಿನ ಬಾಚಿದ್ದು ತನಗಾಗಿಯೋ, ತನ್ನ ನೋವು ಹೊರಗೆ ಕಾಣದಿರಲೆಂದೋ ಎಂದು ಅವಳಿಗೆ ಮೊದಲ ಸಲ ಅನುಮಾನ ಬಂತು. ಬಂದ ಅನುಮಾನ ಹಿಂದಕ್ಕೆ ಹೋಗಲಿಲ್ಲ.

"ಹೂಂ" ಎಂದಳು.

ರಾತ್ರಿ ಮಲಗುವ ಮುಂಚೆ ತುರುಬು ಬಿಚ್ಚಿಕೊಂಡಳು. ಬಿಚ್ಚುವುದಕ್ಕೆ ಕೈ ಮೇಲಕ್ಕೆತ್ತಬೇಕಾಗಿಲ್ಲ; ತಲೆಯನ್ನು ಒಂದು ಕಡೆಗೆ ವಾಲಿಸಿ ಎಳೆದರೆ ತಾನೇ ಇಳಿಯುತ್ತದೆ.

ಕೋಳಿ ಕೂಗುವ ಮೊದಲೇ ಅವಳಿಗೆ ಎಚ್ಚರವಾಯಿತು. ಪಕ್ಕದಲ್ಲಿ ಸೊಣ್ಣಪ್ಪ ಎದ್ದು ಗೋಡೆಯ ಗೂಡಿನಿಂದ ಬಾಚಣಿಗೆ ತೆಗೆದುಕೊಂಡದ್ದು ಕೇಳಿಸಿತು. ಅವನು ಅವಳ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತ.

"ಲೇ, ಏಳು."

ಅವಳು ಕಣ್ಣು ತೆರೆಯಲಿಲ್ಲ. ಉಸಿರನ್ನು ನಿದ್ದೆಯಲ್ಲಿರುವವರಂತೆ ನಿಧಾನಕ್ಕೆ ಎಳೆದು ಬಿಟ್ಟಳು. ನಾಟಕ, ನಾಟಕ ಎಂದು ಎರಡು ವರ್ಷ ಅನ್ನಿಸಿಕೊಂಡವಳು ಆ ಮನೆಯಲ್ಲಿ ನಿಜವಾಗಿ ನಾಟಕ ಆಡಿದ್ದು ಆಗಲೇ.

"ಆವ್ಲಮ್ಮಾ, ಬೆಳಕಾಗ್ತದೆ ಕಣೇ."

ಅವನು ಕಾದ. ಒಮ್ಮೆ ಅವಳ ಕೂದಲಿನ ತುದಿ ಮುಟ್ಟಿ ಕೈ ತೆಗೆದ. ಆಮೇಲೆ ಬಾಚಣಿಗೆ ಮತ್ತೆ ಗೂಡಿಗೆ ಹೋಯಿತು, ಬಾಗಿಲ ಸಪ್ಪಳವಾಯಿತು, ಅಂಗಳದಲ್ಲಿ ಅವನು ಎತ್ತುಗಳಿಗೆ ಹುಲ್ಲು ಹಾಕುವ ಸದ್ದು ಬಂತು.

ಅವಳು ಕಣ್ಣು ಬಿಟ್ಟಳು. ಕೂದಲು ಚಾಪೆಯ ಮೇಲೆ, ಹೆಗಲ ಮೇಲೆ ಹರಡಿತ್ತು. ಬಿಚ್ಚು ತಲೆಯಲ್ಲಿ ಯಾರೂ ಹುಳದ ಮನೆಗೆ ಕಾಲಿಡುವ ಹಾಗಿಲ್ಲ. ಕಟ್ಟಳೆ ಅತ್ತೆಯದು, ಸ್ವಂತ ಮಗಳನ್ನೂ ಒಂದು ಸಲ ಹೊಸಲಿನಿಂದ ಹಿಂದಕ್ಕೆ ಕಳಿಸಿದವಳು. ಇಂದು ತಾನು ಹೀಗೇ ಹೋಗಿ ಬಿಸಿಲು ಬೀಳುವ ಗೋಡೆಯ ಹತ್ತಿರ ಬಾಚಣಿಗೆ ಮಡಿಲಲ್ಲಿಟ್ಟುಕೊಂಡು ಕೂರುವುದು. ಯಾಕೆ ಎಂದರೆ ಏನೂ ಹೇಳುವುದಿಲ್ಲ. ನೋವು ಎಂಬ ಮಾತನ್ನು ಈ ಮನೆಯಲ್ಲಿ ಇನ್ನು ಎತ್ತುವುದಿಲ್ಲ. ತಾನು ಹುಳದ ಮನೆಗೆ ಬರಬೇಕೆನ್ನುವವರು ತನ್ನ ತಲೆ ಕಟ್ಟಲಿ. ಗಂಡನೇ ಕಟ್ಟುವುದಾದರೆ ಅಂಗಳದಲ್ಲಿ, ತಮ್ಮನ ಮುಂದೆ, ಹಗಲಿನಲ್ಲಿ ಕಟ್ಟಲಿ. ಮುಚ್ಚಿದ ಬಾಗಿಲೊಳಗೆ ಇನ್ನಿಲ್ಲ. ಯಾರೂ ಕಟ್ಟದಿದ್ದರೆ ಕೂದಲು ಹೀಗೇ ಇರಲಿ, ತಾನು ಬಿಸಿಲಲ್ಲಿರುವುದು.

ಗೋಣಿ ಸರಿಸಿದ ಸದ್ದಾಯಿತು. ಅತ್ತೆಯ ದನಿ ಬಂತು, ಇನ್ನೂ ಮೆಲ್ಲಗೇ.

"ಆವ್ಲಮ್ಮ, ಹುಳ ಏಳ್ತಾ ಅವೆ. ಅವಸ್ರ ಬೇಡ. ಎಲ್ಲಾ ಎದ್ಮೇಲೆ ಸೊಪ್ಪು ಹಾಕಿದ್ರಾಯ್ತು."

"ಹೂಂ ಅತ್ತೆ" ಎಂದಳು ಆವಲಮ್ಮ. ಒಂದು ಮಗ್ಗುಲಿಗೆ ಹೊರಳಿ, ಮೊದಲು ಕಾಲು, ಆಮೇಲೆ ಸೊಂಟ, ಕೊನೆಗೆ ತೋಳು, ಹೀಗೆ ಮೈಯ ಒಂದೊಂದು ಭಾಗವೂ ಏಳಲು ಒಪ್ಪುವವರೆಗೆ ಕಾಯುತ್ತಾ ಎದ್ದು ಕೂತಳು. ಆಮೇಲೆ ಗೋಡೆಯ ತಗ್ಗಿನ ಗೂಡಿಗೆ ಕೈ ಚಾಚಿ ಬಾಚಣಿಗೆ ತೆಗೆದುಕೊಂಡಳು.