ಅಟ್ಟದ ಮೇಲಿಟ್ಟ ಅಭಿಪ್ರಾಯ

ಪುಸ್ತಕವೊಂದನ್ನು ಓದಿ ಮುಗಿಸಿದ ಮೇಲೂ ಅದರ ಬಗ್ಗೆ ತುಟಿ ಬಿಚ್ಚದ ಓದುಗರನ್ನು ನನ್ನ ಜೀವಮಾನದಲ್ಲಿ ನಾನು ಕಂಡದ್ದು ಒಬ್ಬಳನ್ನೇ; ಅವಳು ಹೊನ್ನವಳ್ಳಿಯ ಕೃತಿಕಾ, ಒಂಬತ್ತು ಮುಗಿಸಿ ಹತ್ತನೇ ತರಗತಿಗೆ ಕಾಲಿಟ್ಟಿರುವ ಹುಡುಗಿ. ನಮ್ಮಂಥವರು, ಸಾಹಿತ್ಯವನ್ನೇ ಹಾಸಿ ಹೊದ್ದುಕೊಂಡವರು, ಕೊನೆಯ ಪುಟ ಮಗುಚುವ ಮೊದಲೇ ಅಭಿಪ್ರಾಯವನ್ನು ನಾಲಿಗೆಯ ತುದಿಗೆ ತಂದುಕೊಂಡು, ಯಾರಾದರೂ ಕೇಳಿಯಾರೇ ಎಂದು ಬಾಗಿಲ ಕಡೆ ನೋಡುತ್ತ ಕೂತಿರುತ್ತೇವೆ. ಯಾರೂ ಕೇಳದಿದ್ದರೆ ನಾವೇ ಎದ್ದು ಹೋಗಿ ಹೇಳಿ ಬರುತ್ತೇವೆ. ಈ ಹುಡುಗಿಯನ್ನು ‘ಹೇಗಿದೆಯೇ ಪುಸ್ತಕ?’ ಎಂದು ಕೇಳಿ ನೋಡಿ. ಎಡಗಿವಿಯ ಹಿಂದೆ ಒಮ್ಮೆ ಕೆರೆದುಕೊಂಡು ‘ತಡೀರಿ ಸಾ’ ಎನ್ನುತ್ತಾಳೆ. ಮಾರನೆಯ ವಾರ ಕೇಳಿ, ಮತ್ತದೇ ಕೆರೆತ, ಮತ್ತದೇ ‘ತಡೀರಿ ಸಾ’. ನನಗಂತೂ ಮೊದಮೊದಲು ಮೈಯೆಲ್ಲ ಉರಿದುಹೋಗಿತ್ತು.

ಅವಳ ನಡಿಗೆಯೇ ಒಂದು ಬಗೆ. ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿಹಿಡಿದು, ಆ ಕಡೆಗೆ ಕೊಂಚ ವಾಲಿಕೊಂಡು, ಹೊಟ್ಟೆನೋವು ಬಂದವಳಂತೆ ನಡೆಯುತ್ತಾಳೆ. ಹೊಟ್ಟೆನೋವೂ ಇಲ್ಲ, ಎಂಥದೂ ಇಲ್ಲ. ಅಪ್ಪ ಕರಿಯಪ್ಪನ ಹಳೆಯ ಕಂದು ಸ್ವೆಟರಿಗೆ ಅಜ್ಜಿ ಸಿದ್ದಮ್ಮ ಹೊಲಿದುಕೊಟ್ಟಿರುವ ಒಳಜೇಬಿನಲ್ಲಿ ಸದಾ ಒಂದು ಪುಸ್ತಕವಿರುತ್ತದೆ, ಅದು ಜಾರದಿರಲೆಂದು ಈ ಭಂಗಿ. ಶಿವರಾತ್ರಿ ಕಳೆದು ತೆಂಗಿನ ಗರಿ ಕೂಡ ಅಲುಗದ ಬಿಸಿಲಿನಲ್ಲೂ ಆ ಸ್ವೆಟರು ಮೈಮೇಲಿಂದ ಇಳಿಯುವುದಿಲ್ಲ. ‘ಸೆಕೆ ಆಗಲ್ವೇನೇ ತಾಯಿ?’ ಎಂದರೆ, ‘ಆಯ್ತದೆ ಸಾ, ಆದ್ರೆ ಚೂಡಿದಾರಕ್ಕೆ ಜೇಬಿಲ್ವಲ್ಲ’ ಎಂಬ ಉತ್ತರ. ಇನ್ನೊಂದು ಹಟವೆಂದರೆ ಪುಸ್ತಕವನ್ನು ಅದರ ಹೆಸರಿನಿಂದ ಕರೆಯದಿರುವುದು. ಹೆಸರಿಡುವುದು ದೊಡ್ಡವರ ಕೆಲಸ, ಒಳಗೆ ಏನಾಯಿತೆನ್ನುವುದಷ್ಟೇ ತನಗೆ ಸೇರಿದ್ದು ಎಂಬುದು ಅವಳ ಸಿದ್ಧಾಂತ. ಹಾಗಾಗಿ ಅವಳ ಬಾಯಲ್ಲಿ ಕನ್ನಡ ಸಾಹಿತ್ಯವೆಂಬುದು ‘ಆ ಕರ ಕಳೆದುಹೋಗೋ ಪುಸ್ತಕ’, ‘ಆ ಚಿಕ್ಕಪ್ಪ ಅಳೋ ಪುಸ್ತಕ’ ಎಂದೇ ವಿಂಗಡವಾಗಿದೆ. ಗ್ರಂಥಾಲಯದವರು ತಲೆ ಚಚ್ಚಿಕೊಳ್ಳಬೇಕು.

ನನಗೆ ಅವಳ ಪರಿಚಯವಾದದ್ದು ಒಂದು ಬಹುಮಾನದ ದೆಸೆಯಿಂದ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡಿದ್ದ ಏಕಾಂತಯ್ಯನವರೆಂದರೆ, ಮೂಟೆಗಳಿಗೆ ಬೆನ್ನು ಆನಿಸಿ ಕಾದಂಬರಿ ಓದುತ್ತ, ಎಂಥ ದೊಡ್ಡ ಗಿರಾಕಿ ಬಂದರೂ ಅಧ್ಯಾಯ ಮುಗಿಯುವವರೆಗೆ ತಲೆ ಎತ್ತದ ಪುಣ್ಯಾತ್ಮರು. ಅವರು ತೀರಿಕೊಂಡ ಮೇಲೆ ಪತ್ನಿ ವಿಮಲಮ್ಮನವರು ಅವರ ಹೆಸರಿನಲ್ಲಿ ಹದಿಹರೆಯದವರಿಗಾಗಿ ಬರೆದ ಕಾದಂಬರಿಗೊಂದು ಬಹುಮಾನವಿಟ್ಟರು. ತೀರ್ಪುಗಾರರು ಮೂವರು: ಅಧ್ಯಕ್ಷರಾಗಿ ನಿವೃತ್ತ ಪ್ರಾಂಶುಪಾಲ ಜ್ಞಾನೇಶ್ ಅವರು, ಹೊನ್ನವಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ಸೌಮ್ಯ, ಮತ್ತು ನಾನು. ಈ ಸಲ ಯುಗಾದಿಯ ಹೊತ್ತಿಗೆ ಅಂತಿಮ ಸುತ್ತಿನ ನಾಲ್ಕು ಪುಸ್ತಕಗಳನ್ನು ಹಂಚುವ ದಿನ ವಿಮಲಮ್ಮನವರು ನಮ್ಮ ಮೂವರನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿದರು. ‘ಹುಡುಗ್ರು ಓದೋ ಪುಸ್ತಕ ಅಂತೀರಿ, ತೀರ್ಪು ಕೊಡೋರೆಲ್ಲ ಶುಗರ್ ಮಾತ್ರೆ ನುಂಗೋರೇ ಆಗಿದೀರಲ್ರೀ! ಒಂದು ಮಗೂನಾದ್ರೂ ಸೇರಿಸ್ಕೊಳ್ಳಿ’ ಎಂದರು. ಬಹುಮಾನ ಅವರದು, ಮನೆ ಅವರದು, ನಾವು ಕುಡಿಯುತ್ತಿದ್ದ ಕಾಫಿಯೂ ಅವರದೇ. ಸೌಮ್ಯ ತಮ್ಮ ಶಾಲೆಯ ಕಪಾಟನ್ನೆಲ್ಲ ಖಾಲಿ ಮಾಡಿದ್ದ ಹುಡುಗಿಯ ಹೆಸರು ಹೇಳಿದರು, ಕೃತಿಕಾ ನಾಲ್ಕನೆಯವಳಾದಳು.

ಬೇಸಿಗೆ ಕಳೆದು ಶಾಲೆ ತೆರೆಯುವ ಹೊತ್ತಿಗೆ ತೀರ್ಪಿನ ದಿನ ಹತ್ತಿರ ಬಂತು. ಹುಡುಗಿಯಿಂದ ಸುದ್ದಿಯೇ ಇಲ್ಲ. ಸೌಮ್ಯ ಕೇಳಿದರೂ ‘ತಡೀರಿ ಮಿಸ್’. ನನಗೆ ತಡೆಯುವ ಸ್ವಭಾವವಿಲ್ಲ. ಸ್ಕೂಟರು ಹತ್ತಿ ಹೊನ್ನವಳ್ಳಿಗೆ ಹೊರಟೇಬಿಟ್ಟೆ. ಮನೆಯ ಮುಂದೆ ಕರಿಯಪ್ಪ ಹಸುವಿಗೆ ನೀರು ಕುಡಿಸುತ್ತಿದ್ದ. ‘ಪುಸ್ತಕ್ವಾ ಸಾ? ಅಟ್ಟಕ್ಕೆ ಎಸ್ದವ್ಳೆ ಸಾ. ನಾಕೂ ಅಲ್ಲೇ ಬಿದ್ದವೆ. ನಮ್ಮುಡ್ಗಿಗೆ ಯಾಕೆ ಈ ದೊಡ್ಡೋರ್ ಕೆಲ್ಸ, ಬುಡಿ’ ಎಂದು ನಾಚಿಕೆಯಿಂದ ತಲೆ ಕೆರೆದುಕೊಂಡ. ಬಂತು ನೋಡಿ ನನಗೆ ರೋಷ! ಅಷ್ಟು ನಂಬಿ ಕೊಟ್ಟ ಪುಸ್ತಕವನ್ನು ಅಟ್ಟಕ್ಕೆ ಎಸೆಯುವುದೆಂದರೇನು? ನೆಟ್ಟಗೆ ಏಣಿ ಹತ್ತಿದೆ. ಹತ್ತಿದ ರಭಸಕ್ಕೆ ತೊಲೆ ತಲೆಗೆ ಬಡಿಯಿತು.

ನಮ್ಮ ಸೀಮೆಯ ಅಟ್ಟವನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಹತ್ತಿರ ಹತ್ತಿರ ಒಂದು ವರ್ಷ ಯಾರೂ ಕೆಣಕದೆ ಬಿಟ್ಟರೆ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿ ಬಿಡಿಸಿಕೊಂಡು, ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ: ‘ಗುಳುಕ್’ ಎಂದರೆ ಇನ್ನೂ ನೀರಿದೆ, ‘ಲೊಟಕ್’ ಎಂದರೆ ಆಯಿತು. ಅವಸರಕ್ಕೆ ಒಡೆದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ.

ಆ ಕಾಯಿಯ ರಾಶಿಯ ನಡುವೆ, ಮಡಿಸಿದ ಗೋಣಿಚೀಲದ ಮೇಲೆ, ನಾಲ್ಕು ಕಾದಂಬರಿಗಳು ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಕೂತಿದ್ದವು. ಅವುಗಳಾಚೆ ಅಜ್ಜಿ ಸಿದ್ದಮ್ಮ ಕಾಯಿ ಅಲ್ಲಾಡಿಸುತ್ತಿದ್ದರು, ಮೊಮ್ಮಗಳು ಬೇರ್ಪಡಿಸುತ್ತಿದ್ದಳು. ‘ಇದೇನೇ, ಪುಸ್ತಕಾನೂ ಕೊಬ್ಬರಿ ಮಾಡೋಕೆ ಹೊರಟಿದೀಯಾ?’ ಎಂದು ತಲೆ ಉಜ್ಜಿಕೊಳ್ಳುತ್ತ ಗದರಿದೆ.

‘ಹೂಂ ಸಾ’ ಎಂದಳು, ನಗದೆ. ‘ಓದಿ ಆಗೈತೆ. ಎಲ್ಡೆಲ್ಡು ಸಲ ಓದೀನಿ. ಒಣಗ್ಲಿ ಅಂತ ಇಟ್ಟಿದೀನಿ.’

ಆಮೇಲೆ ನಿಧಾನವಾಗಿ ಹೊರಬಿತ್ತು ಸಂಗತಿ. ನಾಲ್ಕರಲ್ಲಿ ಅವಳು ಮೊದಲು ಓದಿದ್ದು, ಅವಳ ಮಾತಿನಲ್ಲಿ ಹೇಳುವುದಾದರೆ, ಬಸ್ಸಿನ ಪುಸ್ತಕ. ಇಬ್ಬರು ಗೆಳತಿಯರು ಜಗಳವಾಡಿಕೊಂಡು, ಒಂದೇ ಬಸ್ಸಿನಲ್ಲಿ ಒಂದು ವರ್ಷವಿಡೀ ಮಾತಿಲ್ಲದೆ ಶಾಲೆಗೆ ಹೋಗಿಬರುವ ಕತೆ. ಕೆಟ್ಟ ಮುದ್ರಣ, ಯಾರೂ ಹೆಸರು ಕೇಳದ ಲೇಖಕಿ. ಓದಿ ಮುಗಿಸಿದ ಗಳಿಗೆಯಲ್ಲೇ ಜ್ಞಾನೇಶ್ ಅವರ ಫೋನು ಬಂದಿದೆ; ಇವಳು ಬಾಯಿಗೆ ಬಂದಂತೆ ‘ಏನೂ ಆಗಲ್ಲ ಸಾ ಅದ್ರಲ್ಲಿ, ಬರೀ ಬೋರು’ ಎಂದುಬಿಟ್ಟಿದ್ದಾಳೆ. ಅವರು ಸಂತೋಷದಿಂದ ಅದನ್ನು ಬರೆದುಕೊಂಡಿದ್ದಾರೆ. ಆದರೆ ಆ ಪುಸ್ತಕ ಸುಮ್ಮನಿರಬೇಕಲ್ಲ! ಹಸುವಿಗೆ ಹುಲ್ಲು ಹಾಕುವಾಗ, ಲೆಕ್ಕ ಮಾಡುವಾಗ, ಬಸ್ಸು ಕಾಯುವಾಗ, ಆ ಇಬ್ಬರು ಹುಡುಗಿಯರು ತಲೆಯೊಳಗೆ ಲೊಟಕ್ ಲೊಟಕ್ ಎನ್ನತೊಡಗಿದ್ದಾರೆ. ಅಂದಿನಿಂದಲೇ ಈ ಅಟ್ಟದ ಕಟ್ಟಳೆ.

‘ಬಸ್ಸಿನ ಪುಸ್ತಕಕ್ಕೆ ಮೋಸ ಮಾಡ್ಬಿಟ್ಟೆ ಸಾ’ ಎಂದಾಗ ಅವಳ ಕಣ್ಣು ತುಂಬಿತ್ತು. ‘ಆ ಮಾತು ವಾಪಸ್ ತಗೋಬೇಕು. ಆದ್ರೆ ನನ್ ಓಟನ್ನ ಎಣಿಸ್ತಾರಾ?’

ನಾನು ತೊಲೆ ಬಡಿದ ಜಾಗವನ್ನು ಇನ್ನೊಮ್ಮೆ ಉಜ್ಜಿಕೊಂಡೆ. ನಾವು ಮೂವರೂ ಆಗಲೇ ಫೋನಿನಲ್ಲಿ ಬೇರೊಂದು ಪುಸ್ತಕಕ್ಕೆ ಹೆಚ್ಚುಕಡಿಮೆ ತಲೆಯಾಡಿಸಿ ಆಗಿತ್ತು. ಸಿದ್ದಮ್ಮ ಮಾತ್ರ ಕಾಯಿಯಿಂದ ಕಿವಿ ತೆಗೆಯದೆ, ‘ಹೋಗಿ ಕೇಳು ಕಣೇ. ಇಲ್ಲಿ ಕುಂತ್ಕಂಡು ಅತ್ರೆ ಎಣಿಸ್ತಾರಾ?’ ಎಂದರು.

ತೀರ್ಪಿನ ಸಭೆ ವಿಮಲಮ್ಮನವರ ಮನೆಯ ಹಜಾರದಲ್ಲಿ. ಕರಿಯಪ್ಪ ಮಗಳನ್ನು ಒಳಗೆ ಬಿಟ್ಟು, ಎಷ್ಟು ಕರೆದರೂ ಬಾರದೆ, ಜಗಲಿಯಲ್ಲೇ ಕೂತ. ಜ್ಞಾನೇಶ್ ಅವರು ಸಜ್ಜನರು, ಆದರೆ ಇಡೀ ಆಯುಷ್ಯವನ್ನು ಅಧ್ಯಕ್ಷತೆಯಲ್ಲೇ ಕಳೆದವರು. ‘ಮಗುವಿನ ಅಭಿಪ್ರಾಯವನ್ನು ಗೌರವದಿಂದ ಕೇಳೋಣ, ಮೆಚ್ಚೋಣ. ಮತ ಅಂತ ಎಣಿಸೋದು ಮಾತ್ರ ಬೇಡ, ಅದು ಅನುಭವದ ವಿಷಯ’ ಎಂದು ಆರಂಭದಲ್ಲೇ ಬಾಗಿಲು ಹಾಕಿದರು. ಹುಡುಗಿ ನನ್ನ ಕಡೆ ನೋಡಿದಳು. ನಾನು ಮಂಡಕ್ಕಿಯ ತಟ್ಟೆಯ ಕಡೆ ನೋಡಿದೆ.

ಮೊದಲು ಅವರ ಮೆಚ್ಚಿನ ಕಾದಂಬರಿ: ಬಡ ಹುಡುಗನೊಬ್ಬ ಓದಿ ಓದಿ ಜಿಲ್ಲಾಧಿಕಾರಿಯಾಗುವ ಕತೆ, ಪ್ರತಿ ಅಧ್ಯಾಯದ ಕೊನೆಗೂ ತಾತನ ಒಂದು ಉಪದೇಶ. ಕೃತಿಕಾ ಕಿವಿಯ ಹಿಂದೆ ಕೆರೆದುಕೊಂಡಳು. ‘ಅವ್ನಿಗೆ ನನ್ ವಯಸ್ಸೇ ಸಾ. ಇಡೀ ಪುಸ್ತಕದಲ್ಲಿ ಒಂದ್ಸಲನೂ ಸುಳ್ಳು ಹೇಳಲ್ಲ, ಒಂದ್ಸಲನೂ ತಿಂಡಿ ಕದಿಯಲ್ಲ. ಅವ್ನು ಹುಟ್ಟೋವಾಗ್ಲೇ ರಿಟೈರ್ ಆಗವ್ನೆ.’ ಸೌಮ್ಯ ಕಾಫಿ ನೆತ್ತಿಗೇರಿ ಕೆಮ್ಮಿದರು. ಬೇರೊಂದು ಗ್ರಹಕ್ಕೆ ಹಾರುವ ಮಕ್ಕಳ ಕಾದಂಬರಿಗೆ, ‘ಗ್ರಹ ಚೆನ್ನಾಗೈತೆ ಸಾ, ಮಕ್ಳು ಮಾತ್ರ ಮೂರೂ ಒಂದೇ ಮಗು’ ಎಂಬ ಒಂದು ವಾಕ್ಯ. ಮೊಬೈಲು ಹುಡುಗಿಯೊಬ್ಬಳನ್ನು ಹಾಳುಮಾಡಿ, ಕಡೆಗೆ ಅವಳು ಅದನ್ನು ಬಾವಿಗೆಸೆದು ಉದ್ಧಾರವಾಗುವ ಕಾದಂಬರಿಗೆ, ‘ಆ ಬಾವಿ ನೀರು ಕುಡಿಯೋರು ಯಾರೂ ಇಲ್ವಾ ಸಾ?’ ಎಂಬ ಒಂದು ಪ್ರಶ್ನೆ. ಅಯ್ಯೋ, ನಾನು ಪುಟಗಟ್ಟಲೆ ಬರೆದುಕೊಂಡು ಬಂದಿದ್ದ ಟಿಪ್ಪಣಿಗಳು ಚೀಲದಿಂದ ಹೊರಗೆ ಬರಲು ನಾಚಿದವು.

‘ಸರಿ, ಬಸ್ಸಿನ ಪುಸ್ತಕ?’ ಎಂದರು ಜ್ಞಾನೇಶ್, ಕೊಂಚ ಬಿಗಿಯಾಗಿ. ‘ಅದರ ಬಗ್ಗೆ ನೀನೇ ಹೇಳಿದೀಯಲ್ಲಮ್ಮ. ಏನೂ ಆಗಲ್ಲ, ಬೋರು ಅಂತ.’

‘ಹೇಳಿದ್ದು ನಿಜ ಸಾ. ತಪ್ಪು ಹೇಳ್ದೆ.’ ಅವಳ ಕೈ ಸ್ವೆಟರಿನ ಒಳಜೇಬನ್ನು ಒತ್ತಿ ಹಿಡಿಯಿತು. ‘ಅವತ್ತು ನನ್ ತಲೇಲಿ ಇನ್ನೂ ನೀರಿತ್ತು.’

‘ದಿನಕ್ಕೊಂದು ಮಾತಾದರೆ ಅದನ್ನು ಮತ ಅಂತ ಹೇಗಮ್ಮ ಎಣಿಸೋದು?’

ಆಗ ಅವಳು ಮೇಜಿನ ಮೇಲಿದ್ದ ನಾಲ್ಕೂ ಪುಸ್ತಕಗಳನ್ನು ತನ್ನ ಕಡೆಗೆ ಎಳೆದುಕೊಂಡು, ಅವುಗಳ ಮೇಲೆ ಎರಡೂ ಕೈ ಇಟ್ಟು ಕೂತಳು. ‘ಸಾ, ನೀವೆಲ್ರೂ ಓದಿ ಸುಮಾರು ದಿನ ಆಗೈತೆ. ಪುಸ್ತಕ ನೋಡ್ದೆ ಹೇಳಿ. ಆ ಡಿಸಿ ಆಗೋ ಹುಡುಗನ್ಗೆ ಒಬ್ಬ ಗೆಳೆಯ ಇದ್ದ. ಅವನೇನಾದ?’

ಜ್ಞಾನೇಶ್ ಅವರು ಸೂರು ನೋಡಿದರು. ಸೌಮ್ಯ ನನ್ನನ್ನು ನೋಡಿದರು. ಗೆಳೆಯ ಒಬ್ಬನಿದ್ದನೇ? ಇದ್ದಿರಬೇಕು, ದೇವರಾಣೆಗೂ ನನಗೆ ನೆನಪಾಗಲಿಲ್ಲ.

‘ಹೋಗ್ಲಿ ಬುಡಿ ಸಾ. ಬಸ್ಸಿನ ಪುಸ್ತಕದಲ್ಲಿ, ಆ ಹುಡುಗಿ ದಿನಾ ಪಕ್ಕದ ಸೀಟಿನ ಮೇಲೆ ಏನೋ ಇಡ್ತಿದ್ಲು...’

‘ಊಟದ ಡಬ್ಬಿ’ ಎಂದರು ಜ್ಞಾನೇಶ್, ಅವಳ ಮಾತು ಮುಗಿಯುವ ಮುನ್ನವೇ. ‘ಮುಚ್ಚಳ ಸಡಿಲ ಅಂತ ಕೆಂಪು ರಬ್ಬರ್ ಬ್ಯಾಂಡ್ ಹಾಕಿದ್ದು. ಬೇರೆ ಯಾರೂ ಕೂರದಿರಲಿ ಅಂತ ಇಡ್ತಿದ್ಲು, ಆದರೆ ಗೆಳತೀನ ಕರೀತಿರಲಿಲ್ಲ. ಅವಳೋ ನಿಂತೇ ಬರ್ತಿದ್ಲು. ಕೊನೇ ದಿನ ಆ ಡಬ್ಬೀನ ತೆಗೆದು ತೊಡೆ ಮೇಲೆ ಇಟ್ಕೊಳ್ತಾಳೆ, ಅಷ್ಟೇ. ಮಾತಿಲ್ಲ, ಕತೆಯಿಲ್ಲ. ಆ ಗೆಳತಿ ಬಂದು ಕೂತ್ಕೊಳ್ತಾಳೆ...’

ಅಷ್ಟು ಹೇಳಿ ಅವರು ಗಕ್ಕನೆ ನಿಂತರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಆಗ ಅಡುಗೆಮನೆಯ ಬಾಗಿಲಿನಿಂದ, ಕೊಬ್ಬರಿಯ ಮಂಡಿಯಲ್ಲಿ ಬಾಳುವೆ ಮಾಡಿದ ವಿಮಲಮ್ಮನವರ ದನಿ ಮೊಳಗಿತು: ‘ಲೊಟಕ್ ಅಂತು ಕಣ್ರೀ ಜ್ಞಾನೇಶಪ್ಪ! ಒಲೆ ಹತ್ರಕ್ಕೂ ಕೇಳಿಸ್ತು!’

ಮೊದಲು ನಕ್ಕವರು ಜ್ಞಾನೇಶ್ ಅವರೇ. ಅದು ಅವರ ದೊಡ್ಡತನ. ಹೊಟ್ಟೆ ಹಿಡಿದುಕೊಂಡು ನಕ್ಕು, ‘ಮತ ನಾಲ್ಕು ಅಂತ ಬರ್ಕೊಳ್ಳಿ ಸೌಮ್ಯಾ. ಮೊದಲನೇದು ಈ ಹುಡುಗೀದು’ ಎಂದರು. ಉಳಿದ ಮೂರೂ ಅದರ ಹಿಂದೆಯೇ ಹೋದವು. ಕೃತಿಕಾ ಎದ್ದು ನಿಂತು, ಏನು ಮಾಡಬೇಕೆಂದು ತೋಚದೆ, ಬಸ್ಸಿನ ಪುಸ್ತಕವನ್ನು ಎತ್ತಿ ಸ್ವೆಟರಿನೊಳಗೆ ತುರುಕಿಕೊಂಡಳು. ಜಗಲಿಯಲ್ಲಿ ಕೂತಿದ್ದ ಕರಿಯಪ್ಪನಿಗೆ ಎಲ್ಲವೂ ಕಿಟಕಿಯಿಂದ ಕೇಳಿಸಿತ್ತು. ಅಪ್ಪ ಮಗಳು ಬಸ್ಸು ಹತ್ತುವಾಗ ನಾನೂ ಇದ್ದೆ. ಅವಳು ಪಕ್ಕೆ ಒತ್ತಿಕೊಂಡು ವಾಲಿದ್ದನ್ನು ನೋಡಿ ಗುರುತಿನ ಕಂಡಕ್ಟರ್ ‘ಏನ್ಲಾ ಕರಿಯಪ್ಪ, ಮಗಳನ್ನ ಆಸ್ಪತ್ರೆಗೆ ಕರ್ಕೊಂಡ್ ಬಂದಿದ್ಯಾ?’ ಎಂದದ್ದಕ್ಕೆ, ‘ಆಸ್ಪತ್ರೆ ಯಾಕ್ಲಾ? ನಮ್ಮುಡ್ಗಿ ಜಡ್ಜು ಕಣ್ಲಾ! ಇವತ್ತು ತಿಪಟೂರ್ನಾಗೆ ತೀರ್ಪು ಕೊಟ್ಟು ಬಂದವ್ಳೆ’ ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿ ಹೇಳಿದ. ನನಗೆ ಎದೆಯುಬ್ಬಿ ಬಂತು, ಯಾಕೆ ಸುಳ್ಳು ಹೇಳಲಿ.

ಈ ಬರಹವನ್ನೂ ಮೊನ್ನೆ ಅವಳ ಕೈಗೆ ಕೊಟ್ಟೆ. ನಿಂತಲ್ಲೇ ಓದಿದಳು. ‘ಹೇಗಿದೆಯೇ?’ ಎಂದೆ, ಕೇಳಬಾರದೆಂದು ಗೊತ್ತಿದ್ದೂ ಕೇಳಿದೆ. ಎಡಗಿವಿಯ ಹಿಂದೆ ಕೈ ಹೋಯಿತು. ‘ತಡೀರಿ ಸಾ’ ಎಂದು ಹೇಳಿ, ಹಾಳೆಗಳನ್ನು ಮಡಿಸಿಕೊಂಡು ಏಣಿ ಹತ್ತಿದಳು.

ಹೊಗಳಿದರೆ ಏನು ಸಿಕ್ಕೀತು, ತೆಗಳಿದರೆ ಏನು ತಪ್ಪೀತು ಎಂಬ ಲೆಕ್ಕಾಚಾರ ಇನ್ನೂ ಹತ್ತಿರ ಸುಳಿಯದ ಈ ವಯಸ್ಸಿನ ಓದುಗರಿದ್ದಾರಲ್ಲ, ಪುಸ್ತಕವೆಂಬುದಕ್ಕೆ ಇವರಿಗಿಂತ ದೊಡ್ಡ ಭಯವೂ ಇಲ್ಲ, ಇವರಿಗಿಂತ ದೊಡ್ಡ ಭರವಸೆಯೂ ಇಲ್ಲ. ತಮ್ಮದೇ ಮಾತು ತಪ್ಪೆಂದು ಕಂಡಾಗ ಅದನ್ನು ನಾಲ್ಕು ಜನರೆದುರು ಹಿಂದಕ್ಕೆ ಪಡೆಯುವ ಧೈರ್ಯ ಅವರಿಗಿದೆ. ನಮ್ಮಲ್ಲಿ ಎಷ್ಟು ಜನಕ್ಕಿದೆ? ಬರೆಯುವವರು ಸನ್ಮಾನದ ಶಾಲುಗಳನ್ನು ಎಣಿಸಿಕೊಳ್ಳುತ್ತಿರುವಾಗ, ಯಾವುದೋ ಊರಿನ ಯಾವುದೋ ಅಟ್ಟದಲ್ಲಿ ಇಂಥವರೊಬ್ಬರು ಸದ್ದಿಲ್ಲದೆ ಕಿವಿಗೊಟ್ಟು ಕೂತಿರುತ್ತಾರೆ, ಮತ್ತು ನಾವು ಬರೆದದ್ದು ಉಳಿಯುವುದೋ ಇಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ.