ಅಕ್ಕಯ್ಯಮ್ಮನ ಒದೆ

ಹೇರೋಹಳ್ಳಿಯ ಅಕ್ಕಯ್ಯಮ್ಮ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಒದ್ದರೆ ಬೆನ್ನಿನ ಉಳುಕು ಬಿಡುತ್ತದೆಂದು ಸುತ್ತಲಿನ ಊರುಗಳಲ್ಲೆಲ್ಲ ನಂಬಿಕೆ. ಭಾನುವಾರ ಬೆಳಗಾದರೆ ಅವಳ ಜಗಲಿಯ ಮುಂದೆ ಸೊಂಟ ಹಿಡಿದವರ ಸಾಲು. ಉಲ್ಲಾಳದಿಂದ ಗಾಡಿ ಕಟ್ಟಿಕೊಂಡು ಬರುವವರೂ ಇದ್ದರು. ಒಬ್ಬೊಬ್ಬರನ್ನೇ ಒಳಗೆ ಕರೆದು ಬೋರಲು ಮಲಗಿಸುತ್ತಿದ್ದಳು. ‘ಧಡ್’ ಎಂಬ ಸದ್ದು ಬೀದಿಗೆ ಕೇಳುತ್ತಿತ್ತು. ಕಾಸು ಮುಟ್ಟುತ್ತಿರಲಿಲ್ಲ, ಆದರೆ ಗತ್ತಿಗೇನೂ ಕಡಿಮೆಯಿರಲಿಲ್ಲ. ಶಾನುಭೋಗರಿಂದ ಹಿಡಿದು ಪಟೇಲರವರೆಗೆ ಎಲ್ಲರೂ ಅವಳ ಕಾಲಬುಡದಲ್ಲಿ ಬಿದ್ದೆದ್ದವರೇ. ಮನೆಯಲ್ಲಿ ಸೊಸೆ ಮಾತು ಕೇಳದಿದ್ದರೇನು, ಊರೇ ಅವಳ ಒದೆಗಾಗಿ ಕಾದು ನಿಲ್ಲುತ್ತಿತ್ತಲ್ಲ!

ಅಂಥವಳಿಗೆ ಅರವತ್ತು ದಾಟಿದ ಮೇಲೆ ಬೆಂಗಳೂರಿನ ಕಾರ್ಮಿಕ ಕಚೇರಿಯಿಂದ ಕರೆ ಬಂತು. ಕಾರಣ, ಪಕ್ಕದ ಬೀದಿಯ ಅಂಜಿನಯ್ಯ.

ಅಂಜಿನಯ್ಯ ಮಾಗಡಿ ರಸ್ತೆಯ ಗಿರಣಿಯೊಂದರಲ್ಲಿ ಹತ್ತಿಯ ಮೂಟೆ ಹೊರುವವನು. ಒಂದು ದಿನ ಮೂಟೆ ಎತ್ತುವಾಗ ಬೆನ್ನು ಛಳಕ್ ಎಂದಿತ್ತು. ಗಿರಣಿಯ ಡಾಕ್ಟರು ಗಂಗಾಧರಯ್ಯ ಒಂದು ಡಬ್ಬಿ ಮುಲಾಮು ಕೊಟ್ಟು, “ಬರೀ ವಾಯು ಕಣಯ್ಯ, ಹೋಗಿ ಕೆಲಸ ಮಾಡು” ಎಂದರು. ಕಾಲು ಜೋಮು ಹಿಡಿದಿದೆ ಎಂದರೂ ಮುಲಾಮು, ಚಪ್ಪಲಿ ಕಳಚಿ ಬಿದ್ದರೂ ತಿಳಿಯುವುದಿಲ್ಲ ಎಂದರೂ ಮುಲಾಮು. ನಡುನಡುವೆ ಭಾನುವಾರಗಳಂದು ಅಕ್ಕಯ್ಯಮ್ಮನ ಜಗಲಿಗೂ ಹೋಗಿಬಂದ. ಹೀಗೇ ತಿಂಗಳುಗಳು ಕಳೆದವು. ಕೊನೆಗೆ ದೊಡ್ಡಾಸ್ಪತ್ರೆಗೆ ಹೋದಾಗ, ಬೆನ್ನುಮೂಳೆಯ ನಡುವಿನ ಬಿಲ್ಲೆ ಜಾರಿ ನರವನ್ನು ಅದುಮಿದೆ, ಮೊದಲೇ ಬಂದಿದ್ದರೆ ಕಾಲು ಉಳಿಯುತ್ತಿತ್ತು ಎಂದರು. ಆಪರೇಷನ್ ಆದರೂ ಬಲಗಾಲಿಗೆ ಜೀವ ಬರಲಿಲ್ಲ. ಅವನು ಪರಿಹಾರ ಕೇಳಿ ಅರ್ಜಿ ಹಾಕಿದ. ಡಾಕ್ಟರು ಸುಮ್ಮನಿರುತ್ತಾರೆಯೇ? ನರ ಕೆಟ್ಟಿದ್ದು ತಮ್ಮ ತಡದಿಂದಲ್ಲ, ಹೇರೋಹಳ್ಳಿಯ ಮುದುಕಿ ಒದ್ದದ್ದರಿಂದ ಎಂದು ಜಾರಿಕೊಂಡರು.

ವಿಚಾರಣೆ ನಡೆಸಿದ ಅಧಿಕಾರಿ ರೇವಣಸಿದ್ದಯ್ಯ ಕೇಳಿದರು, “ಒದ್ದದ್ದು ನಿಜವೇನಜ್ಜಿ?”

“ನಿಜ ಬುದ್ಧಿ. ಒದೆಯೋದೇ ನನ್ನ ಕಸುಬು.”

ಅಂಜಿನಯ್ಯ ತಲೆ ಮೇಲೆ ಕೈ ಹೊತ್ತು ಕೂತ.

“ಎಷ್ಟು ಜೋರಾಗಿ ಒದೀತೀರಿ ಅಂತ ತೋರಿಸಿ, ನೋಡೋಣ. ಡಾಕ್ಟ್ರೇ, ಅನುಮಾನ ನಿಮ್ಮದು, ಬೆನ್ನೂ ನಿಮ್ಮದೇ ಆಗ್ಲಿ” ಎಂದರು ರೇವಣಸಿದ್ದಯ್ಯ.

ಗುಮಾಸ್ತ ನಗು ತಡೆದುಕೊಂಡು ನೆಲಕ್ಕೆ ಹಳೆಯ ಪೇಪರು ಹಾಸಿದ. ಡಾಕ್ಟರು ಕೋಟು ಕಳಚಿ, ಹಲ್ಲು ಕಚ್ಚಿಕೊಂಡು ಬೋರಲಾಗಿ ಮಲಗಿದರು. ಅಕ್ಕಯ್ಯಮ್ಮ ಸೆರಗು ಸಿಕ್ಕಿಸಿ, ಗೋಡೆ ಹಿಡಿದು, ಕಾಲ ಹೆಬ್ಬೆರಳನ್ನು ಅವರ ಸೊಂಟಕ್ಕೆ ಸೋಕಿಸಿ ಕಾಲು ಹಿಂದಕ್ಕೆ ತೆಗೆದಳು.

“ಇದು ನಾಟಕ ಸಾರ್!” ಡಾಕ್ಟರು ಮಲಗಿದಲ್ಲಿಂದಲೇ ಕೂಗಿದರು. “ಊರಲ್ಲಿ ಇವಳು ಒದ್ದ ಸದ್ದು ಬೀದಿಗೆಲ್ಲ ಕೇಳುತ್ತಂತೆ. ಅಲ್ಲಿ ಹಾಗೆ, ಇಲ್ಲಿ ಹೀಗೆ!”

ಆ ಸದ್ದಿನ ಗುಟ್ಟು ಜೊತೆಗೆ ಕಚೇರಿಗೆ ಬಂದಿದ್ದ ಸೊಸೆಗೂ ಗೊತ್ತಿರಲಿಲ್ಲ. ಹೇಳಿಬಿಟ್ಟರೆ ಅವಳ ಜಗಲಿಗೆ ಇನ್ನು ನಾಯಿಯೂ ಹತ್ತುವುದಿಲ್ಲ. ಹೇಳದಿದ್ದರೆ ಅಂಜಿನಯ್ಯನ ಅರ್ಜಿ ಕಸದ ಬುಟ್ಟಿಗೆ. ಅವಳು ಅವನತ್ತ ನೋಡಿದಳು. ಅವನ ಬಲಪಾದ ಬೆಂಚಿನ ಕಾಲಿಗೆ ಸಿಕ್ಕಿ ಸೊಟ್ಟಗೆ ತಿರುಗಿತ್ತು, ಅವನಿಗೆ ಅದರ ಅರಿವೇ ಇರಲಿಲ್ಲ. ಅವಳು ಕಾಲೆತ್ತಿದಳು.

ಧಡ್!

“ಅಯ್ಯೋ, ಸತ್ತೆ! ಸೊಂಟ ಮುರಿದ್ಲು!” ಎಂದು ಡಾಕ್ಟರು ಕಿರುಚಿದರು. ಅಕ್ಕಯ್ಯಮ್ಮನ ಕಾಲು ಅವರಿಂದ ಮೊಳ ದೂರದಲ್ಲಿ, ನೆಲದ ಮೇಲಿತ್ತು. ಇಡೀ ಕೋಣೆ ಗೊಳ್ಳೆಂದಿತು.

“ಸದ್ದು ನೆಲದ್ದು ಬುದ್ಧಿ. ನೋಯೋ ಬೆನ್ನಿಗೆ ಒದೆಯೋಕೆ ಮನಸ್ಸು ಹೆಂಗೆ ಬರುತ್ತೆ? ಸುಮ್ನೆ ಮುಟ್ಟಿ ಕಳಿಸಿದ್ರೆ ಜನಕ್ಕೆ ಸಮಾಧಾನ ಇಲ್ಲ. ಅದಕ್ಕೇ ಅವರನ್ನ ಮುಟ್ಟಿ, ನೆಲಕ್ಕೆ ಒದೀತೀನಿ.”

ಡಾಕ್ಟರು ಧೂಳು ಕೊಡವಿಕೊಂಡು ಎದ್ದರು. “ಹಾಗಾದ್ರೆ ಉಳುಕು ಹೋಗೋದು ಹೇಗೆ?”

“ಹೋಗೋದು ತಾನಾಗೇ ಹೋಗುತ್ತೆ ಸ್ವಾಮಿ. ಹೋಗದೇ ಇರೋದನ್ನ ನೋಡೋಕೆ ತಾನೇ ನಿಮ್ಮನ್ನ ಇಟ್ಟಿರೋದು?”

ರೇವಣಸಿದ್ದಯ್ಯ ನಗುತ್ತಲೇ ಕನ್ನಡಕ ಒರೆಸಿಕೊಂಡರು. ಮುಲಾಮು ಕೊಟ್ಟ ಡಾಕ್ಟರದ್ದೇ ತಪ್ಪು, ಗಿರಣಿ ಪರಿಹಾರ ಕೊಡಬೇಕು ಎಂದು ಬರೆದು ಸಹಿ ಹಾಕಿದರು.

ಕಚೇರಿಯಿಂದ ಹೊರಬಂದೊಡನೆ ಸೊಸೆ ಅತ್ತೆಯ ಮುಖವನ್ನೂ ನೋಡದೆ ಸರಸರನೆ ಮುಂದೆ ನಡೆದಳು. ಬಸ್ ನಿಲ್ದಾಣದಲ್ಲಿ ಅಂಜಿನಯ್ಯನ ಕಣ್ಣು ತುಂಬಿ ಬಂತು. “ಮರ್ಯಾದೆ ಕಳ್ಕೊಂಡು ನನ್ನ ಉಳಿಸಿದ್ರಿ ಅಜ್ಜಿ. ನಿಮ್ಮ ಋಣ ಹೆಂಗೆ ತೀರಿಸ್ಲಿ?”

ಹೂಂ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಕ್ಕಯ್ಯಮ್ಮನಿಗೆ ಆಗಲಿಲ್ಲ.

“ಸುಮ್ನಿರಪ್ಪ. ನನ್ನ ಒದೆಯಿಂದ ಏನೂ ಆಗಲ್ಲ ಅಂತ ನನಗೆ ಗೊತ್ತಿತ್ತು. ಆದ್ರೂ ಪ್ರತಿ ಸಲ ಬಂದಾಗ್ಲೂ ಮುಂದಿನ ಭಾನುವಾರ ಬಾ ಅಂದೆ. ಆಸ್ಪತ್ರೆಗೆ ಹೋಗು ಅಂತ ಒಂದು ಸಲನೂ ಬಾಯಿ ಬಿಡಲಿಲ್ಲ. ಕಚೇರೀಲಿ ಅದನ್ನ ಯಾರೂ ಕೇಳಲಿಲ್ಲ ಕಣೋ.”

ಬಸ್ಸು ಬಂತು. ಅಂಜಿನಯ್ಯ ಕಂಬಿ ಹಿಡಿದು ಎಷ್ಟು ಹೆಣಗಿದರೂ ಬಲಗಾಲು ಮೆಟ್ಟಿಲು ಏರಲಿಲ್ಲ. ಅಕ್ಕಯ್ಯಮ್ಮ ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತು, ಆ ಪಾದವನ್ನು ಎರಡೂ ಕೈಯಿಂದ ಎತ್ತಿ ಮೆಟ್ಟಿಲ ಮೇಲಿಟ್ಟಳು.