ಸೂಜಿ ನಿಂತ ಜಾಗ

ಬೀದಿಯೆಲ್ಲ ಮಲಗಿದ ಹೊತ್ತಿನಲ್ಲಿ ಮುಂದಿನ ಕೋಣೆಯಿಂದ ಒಂದು ಸಣ್ಣ ನಗು ಕೇಳಿಸಿತು. ಜೋರಾಗಿ ನಕ್ಕಿದ್ದರೆ ಅವಳಿಗೆ ಎಚ್ಚರವಾಗುತ್ತಿತ್ತೋ ಇಲ್ಲವೋ. ಇದು ಯಾರಿಗೂ ಕೇಳಬಾರದೆಂದು ಗಂಟಲಲ್ಲೇ ನುಂಗಿಕೊಂಡ ನಗು. ಅದಕ್ಕೇ ಎಚ್ಚರವಾಯಿತು.

ಗಂಡನ ನಗುಗಳೆಲ್ಲ ಅವಳಿಗೆ ಗೊತ್ತು. ಮೇಲಿನವರು ಹೇಳಿದ ಹಳಸಲು ಜೋಕಿಗೆ ನಗುವುದು ಬೇರೆ, ತಂಗಿಯ ಕೀಟಲೆಗೆ ನಗುವುದು ಬೇರೆ. ಈ ನಗು, ಬರೆದ ಮಾತು ಎದುರಿನವರಿಗೆ ತಾಗಿತು ಎಂದು ಖಾತ್ರಿಯಾದಾಗ ಮಾತ್ರ ಬರುವಂಥದ್ದು. ಮದುವೆಯಾದಾಗಿನಿಂದ ಅದಕ್ಕೆ ಅವಳೊಬ್ಬಳೇ ಹಕ್ಕುದಾರಳು. ಈಗ ಹಕ್ಕುದಾರಳು ಹಾಸಿಗೆಯಲ್ಲಿದ್ದಾಳೆ, ನಗು ಆಚೆ ಕೋಣೆಯಲ್ಲಿದೆ.

ಎದ್ದು ಹೋಗಿ ಬಾಗಿಲಲ್ಲಿ ನಿಂತಳು. ಗಂಡ ಕಂಪ್ಯೂಟರ್ ಮುಂದೆ ಮೊಣಕೈ ಊರಿ, ಗಲ್ಲ ಅಂಗೈಯಲ್ಲಿಟ್ಟು ಕೂತಿದ್ದ. ಮುಖದ ಮೇಲೆ ಪರದೆಯ ಬೆಳಕು. ಹಿಂದೆ ಇವಳ ಮುಂದೆ ಕೂರುತ್ತಿದ್ದದ್ದೂ ಹಾಗೆಯೇ.

"ಇನ್ನೂ ಮಲಗಿಲ್ವಾ?" ಎಂದ, ಬೆಚ್ಚಿ.

"ನೀರು ಕುಡಿಯೋಕೆ ಎದ್ದೆ. ಯಾರ ಹತ್ರ ನಗ್ತಾ ಇದ್ರಿ?"

"ಈ ಹೊತ್ತಲ್ಲಿ ಯಾರಿರ್ತಾರೆ? ಇದೇ," ಎಂದು ಗಲ್ಲದಿಂದಲೇ ಪರದೆಯನ್ನು ತೋರಿಸಿದ. "ಏನೋ ಒಂದು ಹೇಳ್ತು. ನೀನು ಮಲ್ಕೋ ಹೋಗು."

ನೀರು ಕುಡಿಯದೆಯೇ ಬಂದು ಮಲಗಿದಳು.

ಅವಳ ಗಂಡ ರೇಡಿಯೋಗೆ ನಾಟಕ ಬರೆಯುವವನು. ಅವಳು ಟೈಲರ್ ಅಂಗಡಿಯಿಂದ ಬಟ್ಟೆ ತಂದು ಮನೆಯಲ್ಲೇ ಕಾಜಾ, ಗುಂಡಿ, ಅಂಚು ಹೊಲಿದು ಕೊಡುವವಳು. ಡಿಗ್ರಿ ಮಾಡಿದ್ದರೂ ಈ ಕೆಲಸವನ್ನೇ ಆರಿಸಿಕೊಂಡಿದ್ದಳು. ಕೈ ದುಡಿಯುತ್ತಿದ್ದರೆ ಕಿವಿ ಬಿಡುವಾಗಿರುತ್ತದೆ ಎಂದು. ರಾತ್ರಿ ಊಟವಾದ ಮೇಲೆ ಗಂಡ ಅಂದಂದು ಬರೆದದ್ದನ್ನು ಓದುವನು, ಅವಳು ಎದುರಿಗೆ ಕೂತು ಗುಂಡಿ ಹಚ್ಚುವಳು. ಹೇಗಿದೆ ಎಂದು ಅವನು ಕೇಳುವ ಪದ್ಧತಿಯಿಲ್ಲ, ಚೆನ್ನಾಗಿದೆ ಎಂದು ಇವಳು ಹೇಳುವ ಪದ್ಧತಿಯೂ ಇಲ್ಲ. ಓದುತ್ತಾ ಓದುತ್ತಾ ಅವನ ಕಣ್ಣು ಅವಳ ಕೈ ಮೇಲಿರುತ್ತಿತ್ತು. ಯಾವ ಮಾತಿಗೆ ಸೂಜಿ ನಿಂತಿತೋ ಆ ಮಾತಿನ ಪಕ್ಕ ಪೆನ್ಸಿಲಿನಿಂದ ಒಂದು ಗೀಟು. ಗೀಟು ಬಿದ್ದ ಮಾತನ್ನು ಯಾರು ಹೇಳಿದರೂ ತೆಗೆಯುತ್ತಿರಲಿಲ್ಲ. "ನನ್ನ ನಾಟಕಕ್ಕೆ ಮೊದಲ ಶ್ರೋತೃ ಇವಳ ಸೂಜಿ," ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವನು. ಅವಳು ತಲೆ ತಗ್ಗಿಸಿಕೊಂಡೇ ಒಳಗೊಳಗೆ ಉಬ್ಬುವಳು.

ಇದು ಶುರುವಾದ ಬಗೆ ಮಾತ್ರ ಅವಳಿಗಷ್ಟೇ ಗೊತ್ತು. ಹೊಸ ಸಂಸಾರದ ದಿನಗಳಲ್ಲಿ ಒಮ್ಮೆ ಗುಂಡಿ ಜಾರಿ ಮಂಚದಡಿಗೆ ಉರುಳಿತು. ಎಲ್ಲಿ ಹೋಯಿತಪ್ಪಾ ಎಂದು ಸೂಜಿ ನಿಲ್ಲಿಸಿ ಯೋಚಿಸುತ್ತಿದ್ದಳು. ಗಂಡ ಓದುವುದನ್ನು ನಿಲ್ಲಿಸಿ, ಕಣ್ಣರಳಿಸಿ, ಗೀಟು ಹಾಕಿಕೊಂಡ. ಆ ಮಾತು ಪ್ರಸಾರವಾದ ಮೇಲೆ ಎದುರುಮನೆಯ ಮುದುಕಿ ಕಣ್ಣೊರೆಸಿಕೊಂಡು ಬಂದು ಹೊಗಳಿದಳು. ಇನ್ನು ಗುಂಡಿಯ ಕತೆ ಯಾವ ಬಾಯಲ್ಲಿ ಹೇಳುವುದು? ಅಂದಿನಿಂದ ಮೈಯೆಲ್ಲ ಕಿವಿಯಾಗಿ ಕೇಳಿದಳು. ಸೂಜಿ ಎಷ್ಟೋ ಸಲ ನಿಜವಾಗಿಯೂ ನಿಂತಿತು. ಎಷ್ಟೋ ಸಲ ದಾರ ಮುಗಿದೂ ನಿಂತಿತು.

ಹೋದ ವರ್ಷ ರೇಡಿಯೋದವರು ವಾರದ ಧಾರಾವಾಹಿಯನ್ನು ದಿನದ ಧಾರಾವಾಹಿ ಮಾಡಿದರು. ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ, ಎಐ ಬಳಸಿಕೊಳ್ಳಿ ಎಂದು ಅವರೇ ಹೇಳಿಕೊಟ್ಟರು. ಗಂಡ ಮೊದಲು ಮೂಗು ಮುರಿದ. ಆಮೇಲೆ ಹೆಸರುಗಳನ್ನು ಕೇಳಿದ. ಆಮೇಲೆ ಕತೆಯ ಗಂಟು ಬಿಡಿಸಲು ಕೇಳಿದ. ಒಂದು ದಿನ ಊಟವಾದ ಮೇಲೆ ಓದಲೇ ಇಲ್ಲ. ಅವಳು ಅಂಗಿ ಮಡಿಲಲ್ಲಿಟ್ಟುಕೊಂಡು ಕಾದಳು. "ನಿನಗೂ ಸುಸ್ತಾಗಿರುತ್ತೆ, ಬಿಡು," ಎಂದು ಅವನು ಮುಂದಿನ ಕೋಣೆಗೆ ಹೋದ.

ನಾದಿನಿ ಬಂದಾಗ ನಡುರಾತ್ರಿಯ ಆ ನಗುವಿನ ಸುದ್ದಿಯನ್ನು ಅವಳು ತಮಾಷೆಯ ಮಾತೆಂಬಂತೆ ಹೇಳಿದಳು. ನಾದಿನಿ ಸುಮ್ಮನೆ ಬಿಡುವವಳಲ್ಲ.

"ಅತ್ತಿಗೆ, ಸವತಿ ಬಂದ್ಲು ಅನ್ನಿ!"

"ಬಾಯಿ ಮುಚ್ಚೇ."

"ಹೆಂಗಸಾಗಿದ್ರೆ ಜುಟ್ಟು ಹಿಡಿದು ಬೀದಿಗೆ ಎಳೀಬಹುದಿತ್ತು. ಇದಕ್ಕೆ ಜುಟ್ಟೂ ಇಲ್ಲ. ಬೈದ್ರೆ ಕ್ಷಮಿಸಿ ಅನ್ನುತ್ತೆ. ನಮ್ಮಣ್ಣ ಒಳ್ಳೇದನ್ನೇ ಹುಡುಕಿಕೊಂಡಿದ್ದಾನೆ ಬಿಡಿ."

ನಾದಿನಿ ನಕ್ಕು ಹೋದಳು. ಮಾತು ಉಳಿಯಿತು.

ಟೈಲರ್ ಅಂಗಡಿಯಲ್ಲೂ ಅದೇ ಮಾತು. ಮಾಸ್ಟರ್ ತನ್ನ ಫೋನನ್ನು ಅವಳ ಮುಖದ ಹತ್ತಿರ ಹಿಡಿದ. "ನೋಡಮ್ಮ, ಕತ್ತಿನ ಡಿಸೈನು. ಕೇಳಿದ್ದು ಒಂದು, ಕೊಟ್ಟಿದ್ದು ಹತ್ತು. ನಮ್ಮಪ್ಪ ಇಂಥ ಒಂದು ಬರೆಯೋಕೆ ಅರ್ಧ ದಿನ ಕೂರ್ತಿದ್ದ. ನನಗಂತೂ ಇದು ದೇವರು ಕೊಟ್ಟ ಇನ್ನೊಂದು ಕೈ."

ಅಳತೆ ಕೊಡಲು ಬಂದಿದ್ದ ಟೀಚರ್ ಒಬ್ಬರು, "ನಿಮಗೆ ಕೈ, ನಮ್ಮ ಮಕ್ಕಳಿಗೆ ತಲೇನೇ ಅದಾಗಿದೆ," ಎಂದರು. "ನನ್ನ ಅಜ್ಜಿ ಅಂತ ಪ್ರಬಂಧ ಬರೆಯಿರಿ ಅಂದೆ. ಎಲ್ಲರ ಅಜ್ಜಿಗೂ ಬೆಳ್ಳಿಯಂಥ ಕೂದಲು, ಎಲ್ಲರ ಅಜ್ಜಿಯೂ ಪ್ರೀತಿಯ ಕಡಲು! ಒಬ್ಬ ಹುಡುಗಿ ಮಾತ್ರ ನಮ್ಮಜ್ಜಿ ಸಿಡುಕಿ ಅಂತ ಬರೆದಿದ್ಲು. ಅವಳಿಗೆ ಜಾಸ್ತಿ ಮಾರ್ಕ್ಸ್ ಕೊಟ್ಟೆ."

"ಬ್ಲೌಸಿನ ಬೆನ್ನು ಬಿಗಿಯಾದ್ರೆ ಅದಕ್ಕೆ ಬೈಬೇಡಿ ಟೀಚರ್, ಅಳತೆ ನಂದೇ," ಎಂದ ಮಾಸ್ಟರ್.

ಎಲ್ಲರೂ ನಕ್ಕರು. ಅವಳು ಗುಂಡಿಗಳನ್ನು ಬಣ್ಣ ನೋಡಿ ವಿಂಗಡಿಸುತ್ತಾ, ಏನೂ ಅಲ್ಲವೆಂಬಂತೆ ಕೇಳಿದಳು: "ಮಾಸ್ಟರ್, ಅದಕ್ಕೆ ಬೇಜಾರು ಅಂತ ಆಗುತ್ತಾ? ಕೇಳಿ ಕೇಳಿ?"

"ಬೇಜಾರಾ? ಅದಕ್ಕಾ? ಬೆಳಗಿನ ತನಕ ಕೇಳಿದ್ರೂ ಮೊದಲಿನ ಹಾಗೇ ಉತ್ತರ ಕೊಡುತ್ತಮ್ಮ."

ಅವಳಿಗಾದರೋ ರಾತ್ರಿ ಕೇಳುವಾಗ ಆಕಳಿಕೆ ಬರುತ್ತಿತ್ತು. ಒಮ್ಮೊಮ್ಮೆ ಹಾಲು ಉಕ್ಕಿತೇ ಎಂದು ಕಿವಿ ಅಡುಗೆಮನೆಗೆ ಹೋಗುತ್ತಿತ್ತು. ಈಚೆಗೆ ದೀಪದ ಬೆಳಕಿನಲ್ಲಿ ಸೂಜಿಯ ಕಣ್ಣೂ ಕಾಣುತ್ತಿರಲಿಲ್ಲ. ಅದಕ್ಕೆಂದೇ ಬೆಳಿಗ್ಗೆ ಕಿಟಕಿಯ ಬಳಿ ಕೂತು ಒಂದು ಹಿಡಿ ಸೂಜಿಗಳಿಗೆ ದಾರ ಪೋಣಿಸಿ ಮೆತ್ತೆಗೆ ಚುಚ್ಚಿಟ್ಟುಕೊಳ್ಳುವುದನ್ನು ರೂಢಿಸಿಕೊಂಡಿದ್ದಳು. ಒಂದರ ದಾರ ಮುಗಿಯುತ್ತಿದ್ದಂತೆ ಇನ್ನೊಂದು ಕೈಗೆ, ಪೋಣಿಸಲು ನಿಲ್ಲಬೇಕಿಲ್ಲ. ಆ ಎಐಗೆ ಕಣ್ಣಿನ ಗೊಡವೆಯೂ ಇಲ್ಲ, ಹಾಲಿನ ಗೊಡವೆಯೂ ಇಲ್ಲ.

ಧಾರಾವಾಹಿ ಮುಗಿಯುವ ಹಂತಕ್ಕೆ ಬಂದಿತ್ತು. ಬೀಗ ರಿಪೇರಿ ಮಾಡುವ ಅಕ್ಕ, ಮುನಿಸಿಕೊಂಡು ಮನೆ ಬಿಟ್ಟ ತಮ್ಮ, ಇಬ್ಬರ ಕತೆ. ಕೊನೆಯ ಕಂತಿನಲ್ಲಿ ತಮ್ಮ ಮನೆಗೆ ಬರುತ್ತಾನೆ. ಆ ಮಧ್ಯಾಹ್ನ ಗಂಡ ಪರದೆಯನ್ನು ಹಾಗೇ ಬಿಟ್ಟು ಹಾಳೆ ತರಲು ಅಂಗಡಿಗೆ ಹೋದ. ಅವಳು ಕೈ ಒರೆಸಿಕೊಂಡು ಹೋಗಿ ಪರರ ಮನೆಗೆ ಕದ್ದು ಬಂದವಳಂತೆ ಕುರ್ಚಿಯ ತುದಿಯಲ್ಲಿ ಕೂತಳು.

ಹಳೆಯ ಮಾತುಕತೆಯೆಲ್ಲ ಅಲ್ಲಿತ್ತು. ಹಿಂದಕ್ಕೆ ಹಿಂದಕ್ಕೆ ಹೋದಂತೆ ತನ್ನದೇ ಸುದ್ದಿ ಸಿಕ್ಕಿತು. ಗಂಡ ಬರೆದಿದ್ದ: "ನನ್ನ ಹೆಂಡತಿಗೆ ನನ್ನ ನಾಟಕ ಸಾಕಾಗಿದೆ ಅಂತ ಕಾಣುತ್ತೆ. ಮೊದಲು ಒಳ್ಳೆಯ ಮಾತಿಗೆ ಸೂಜಿ ನಿಲ್ಲುತ್ತಿತ್ತು. ಈಗ ಎಷ್ಟು ಓದಿದರೂ ನಿಲ್ಲುವುದೇ ಇಲ್ಲ. ಅವಳಿಗೆ ಹಿಂಸೆ ಕೊಡುವುದು ಬೇಡ ಅಂತ ಓದುವುದನ್ನೇ ಬಿಟ್ಟೆ."

ಅವಳು ಮೆಲ್ಲನೆ ತಿರುಗಿ ಕಿಟಕಿಯತ್ತ ನೋಡಿದಳು. ಮೆತ್ತೆಯ ತುಂಬ ದಾರ ಪೋಣಿಸಿದ ಸೂಜಿಗಳು, ಬಿಳಿ ಬಾಲ ಇಳಿಬಿಟ್ಟುಕೊಂಡು ಬಿಸಿಲಿಗೆ ಮಿನುಗುತ್ತಿದ್ದವು.

ಕೆಳಗೆ ಅದರ ಉತ್ತರವಿತ್ತು: "ಸೂಜಿ ನಿಲ್ಲದಿರುವುದಕ್ಕೆ ಬೇರೆ ಕಾರಣವೂ ಇರಬಹುದು. ಅವರ ಮೌನದ ಅರ್ಥ ನನಗೆ ತಿಳಿಯದು. ಅವರನ್ನೇ ಒಮ್ಮೆ ಕೇಳಿ ನೋಡಬಹುದಲ್ಲವೇ?"

ಓದಿ ಅವಳ ಮೈ ಉರಿದುಹೋಯಿತು. ಬೈದಿದ್ದರೆ, ನಿಮ್ಮ ಹೆಂಡತಿಗೆ ರುಚಿಯಿಲ್ಲ ಎಂದಿದ್ದರೆ, ಜಗಳಕ್ಕಾದರೂ ಒಂದು ದಾರಿಯಿರುತ್ತಿತ್ತು. ಇದು ತನ್ನ ಪರವಾಗಿಯೇ ವಕಾಲತ್ತು ವಹಿಸುತ್ತಿದೆ! ತನ್ನ ಗಂಡನ ಹತ್ತಿರ ತನಗೇ ಶಿಫಾರಸು! ಇನ್ನೂ ಮುಂದಕ್ಕೆ ಓದುವಷ್ಟರಲ್ಲಿ ಮುಂಬಾಗಿಲು ಕಿರ್ರೆಂದಿತು. ಆ ಬಾಗಿಲಿನ ಗಂಟಲು ಮೊದಲಿನಿಂದಲೂ ಹಾಗೆಯೇ. ಗಂಡ ಚಪ್ಪಲಿ ಬಿಡುವಷ್ಟರಲ್ಲಿ ಅವಳು ಅಡುಗೆಮನೆಯಲ್ಲಿದ್ದಳು.

ಅಂದು ಊಟವಾದ ಮೇಲೆ ಅವಳೇ ಹೇಳಿದಳು: "ರೀ, ಕೊನೇ ಕಂತು ಓದಿ."

"ನಿಜವಾಗಿಯೂ? ನಿನಗೆ..."

"ಓದಿ ಅಂದ್ನಲ್ಲ."

ಅವನು ಹಾಳೆ, ಪೆನ್ಸಿಲು ಎರಡನ್ನೂ ತಂದ ಅವಸರ ನೋಡಿ ಅವಳಿಗೆ ಒಂದು ಗಳಿಗೆ ಎಲ್ಲವನ್ನೂ ಹೇಳಿಬಿಡಬೇಕೆನ್ನಿಸಿತು. ಆದರೆ ಒಳಗೆ ಕೂತಿದ್ದ ಕಿಚ್ಚು ಬೇರೆಯೇ ಲೆಕ್ಕ ಹಾಕುತ್ತಿತ್ತು. ಇಂದು ಇವರ ಮಾತಿಗೆ ಮಾತ್ರ ಸೂಜಿ ನಿಲ್ಲಬೇಕು. ಅದರ ಮಾತಿಗೆ, ಸತ್ತರೂ ಇಲ್ಲ. ಯಾವುದು ಯಾರದೆಂದು ತನಗೆ ಗೊತ್ತಾಗದೆ ಇರುತ್ತದೆಯೇ? ಇಷ್ಟು ವರ್ಷ ಕೇಳಿದ ಕಿವಿ ಇದು.

ಗಂಡ ಓದಿದ. ತಮ್ಮ ಬರುತ್ತಾನೆ, ಬಾಗಿಲು ತಳ್ಳುತ್ತಾನೆ, ಬಾಗಿಲು ಕಿರುಗುಟ್ಟುತ್ತದೆ. ಒಳಗಿನಿಂದ ಅಕ್ಕ ಮುಖವೆತ್ತದೆ ಹೇಳುತ್ತಾಳೆ: "ಈ ಬಾಗಿಲಿಗೆ ಇಷ್ಟು ವರ್ಷ ಎಣ್ಣೆ ಹಾಕ್ಲಿಲ್ಲ ಕಣೋ. ನೀನು ಬಂದದ್ದು ನನಗೆ ಗೊತ್ತಾಗ್ಬೇಕಲ್ಲ."

ಅವಳ ಕೈ ನಿಲ್ಲಲು ಹೊರಟಿತು. ಇಷ್ಟು ಚೆಂದದ ಮಾತು! ಅಂದರೆ ಇದು ಅದರದೇ. ಇವರು ಇಂಥದ್ದು ಬರೆದವರಲ್ಲ, ಇವರದು ನೇರ ಮಾತು. ಅವಳು ಹಲ್ಲು ಕಚ್ಚಿ ಸೂಜಿಯನ್ನು ಒಳಕ್ಕೆ ತಳ್ಳಿದಳು. ಮೊನೆ ಬೆರಳಿಗೆ ಹೊಕ್ಕಿತು. ಹಾಗೆಯೇ ಮುಂದಿನ ಹೊಲಿಗೆ ಹಾಕಿದಳು.

ಗಂಡ ಅವಳ ಕೈಯನ್ನೇ ನೋಡುತ್ತಿದ್ದ. ಬೇಕೆಂದೇ ತುಸು ಹೊತ್ತು ತಡೆದ. ಆಮೇಲೆ ಮುಂದಿನ ಸಾಲು ಓದಿದ: "ಕೈಕಾಲು ತೊಳ್ಕೊಂಡು ಊಟಕ್ಕೆ ಬಾ."

ಅವಳು ಸೂಜಿ ನಿಲ್ಲಿಸಿದಳು. ಕಣ್ಣನ್ನೂ ಎತ್ತಿದಳು.

ಗಂಡ ಆ ಸಾಲಿನ ಪಕ್ಕ ಗೀಟು ಎಳೆದ. ಅದರ ಮೇಲಿನ ಬಾಗಿಲಿನ ಸಾಲನ್ನು ಒಮ್ಮೆ ನೋಡಿ, ಪೆನ್ಸಿಲಿನಿಂದ ಹೊಡೆದುಹಾಕಿದ. "ನಿನ್ನ ಸೂಜಿ ಹೇಳಿದ ಮೇಲೆ ಮುಗೀತು," ಎಂದು ನಕ್ಕ. ಅವಳಿಗೆ ಬೇಕಿದ್ದ ನಗು ಅದಾಗಿರಲಿಲ್ಲ.

ಆದರೂ ಆ ರಾತ್ರಿ ಗೆದ್ದವಳ ಹಾಗೆ ಮಲಗಿದಳು. ಗಂಡ ಯಾವಾಗ ಎದ್ದು ಮುಂದಿನ ಕೋಣೆಗೆ ಹೋದನೋ ತಿಳಿಯಲಿಲ್ಲ.

ಮರುದಿನ ಅವನು ರೆಕಾರ್ಡಿಂಗಿಗೆ ಹೊರಟು ಬಾಗಿಲೆಳೆದುಕೊಂಡ ಮೇಲೆ, ಸೋತ ಸವತಿಯ ಮುಖ ನೋಡುವ ಆಸೆಯಿಂದ ಅವಳು ಪರದೆಯ ಮುಂದೆ ಕೂತಳು. ಗಂಡ ಬರೆದಿದ್ದ:

"ನೀನು ಸೇರಿಸು ಅಂದೆಯಲ್ಲ, ಕೈಕಾಲು ತೊಳ್ಕೋ ಅನ್ನುವ ಮಾತು, ಅದಕ್ಕೆ ಅವಳ ಸೂಜಿ ನಿಂತಿತು. ಬಾಗಿಲಿನ ಮಾತಿಗೆ ನಿಲ್ಲಲಿಲ್ಲ. ಅದು ಅವಳದೇ ಮಾತು. ಮದುವೆಯಾದ ಹೊಸತರಲ್ಲಿ ನಾನು ನಮ್ಮ ಬಾಗಿಲಿಗೆ ಎಣ್ಣೆ ಹಾಕಲು ಹೋದಾಗ ತಡೆದು ಹೇಳಿದ್ದಳು. ಒಂದು ಒಳ್ಳೆಯ ಜಾಗ ಸಿಗಲಿ ಅಂತ ಇಷ್ಟು ವರ್ಷ ಜೋಪಾನ ಮಾಡಿಟ್ಟಿದ್ದೆ. ಅವಳಿಗೆ ನೆನಪೇ ಇಲ್ಲ. ತೆಗೆದುಬಿಟ್ಟೆ. ಅವಳ ಮನಸ್ಸು ನನಗಿಂತ ನಿನಗೇ ಚೆನ್ನಾಗಿ ಗೊತ್ತು ಕಣಯ್ಯಾ."

ಕಣಯ್ಯಾ! ಇಷ್ಟು ದಿನ ಅವಳು ಸವತಿಯೆಂದು ಶಪಿಸಿದ್ದನ್ನು ಅವನು ಬೀದಿ ಕೊನೆಯ ಗೆಳೆಯನನ್ನು ಕರೆದ ಹಾಗೆ ಕರೆದಿದ್ದ. ನಗು ಬರಬೇಕಿತ್ತು, ಬರಲಿಲ್ಲ.

ಕೆಳಗೆ ಒಂದೇ ಸಾಲಿನ ಉತ್ತರವಿತ್ತು: "ಆ ಮಾತು ಅವರಿಗೆ ನೆನಪಿದೆಯೇ ಎಂದು ಕೇಳಿದಿರಾ?" ಅದಕ್ಕೆ ಗಂಡ ಏನೂ ಬರೆದಿರಲಿಲ್ಲ.

ಅವಳಿಗೆ ನೆನಪಾಯಿತು. ಎಣ್ಣೆಯ ಬಟ್ಟಲು ಹಿಡಿದು ನಿಂತ ಹೊಸ ಗಂಡ, ಅವನ ಮಣಿಕಟ್ಟು ಹಿಡಿದ ತನ್ನ ಕೈ. ತನ್ನ ಮಾತಿಗೇ ತಾನು ಹೊಟ್ಟೆಕಿಚ್ಚು ಪಟ್ಟು, ತನ್ನ ಕೈಯಾರೆ ಹೊಡೆದುಹಾಕಿಸಿದ್ದಳು.

ರೆಕಾರ್ಡಿಂಗ್ ಇನ್ನೂ ಶುರುವಾಗಿರಲಿಕ್ಕಿಲ್ಲ. ಫೋನ್ ಮಾಡಿದಳು.

"ಏನೇ? ಒಳಗೆ ಹೋಗ್ತಾ ಇದ್ದೀವಿ."

ಆ ಸಾಲು ಇರಲಿ, ಎನ್ನಬೇಕು. ಯಾಕೆ ಎನ್ನುತ್ತಾನೆ. ಕದ್ದು ಓದಿದ್ದು ಹೇಳಬೇಕು. ನಿಲ್ಲಲು ಹೊರಟ ಸೂಜಿಯನ್ನು ಯಾಕೆ ತಳ್ಳಿದೆ ಎಂದು ಹೇಳಬೇಕು. ಒಂದನ್ನೆಳೆದರೆ ಮೆತ್ತೆಯ ಸೂಜಿಗಳು, ಮುಗಿದ ದಾರಗಳು, ಮಂಚದಡಿಯ ಗುಂಡಿ, ಎಲ್ಲ ಹೊರಬರುತ್ತವೆ. ಗೀಟು ಹಾಕಿ ಇಟ್ಟುಕೊಂಡ ಅಷ್ಟೂ ಮಾತುಗಳಲ್ಲಿ ಯಾವುದಕ್ಕೆ ನೀನು ನಿಂತದ್ದು, ಯಾವುದಕ್ಕೆ ದಾರ ಮುಗಿದದ್ದು ಎಂದು ಕೇಳಿದರೆ?

"ಹಲೋ? ಏನಾಯ್ತು?"

"ಏನಿಲ್ಲ," ಎಂದಳು. "ಬಿಳಿ ದಾರ ಮುಗಿದಿದೆ. ಬರುವಾಗ ಒಂದು ಉಂಡೆ ತನ್ನಿ."

ಫೋನಿಟ್ಟು ಕಿಟಕಿಯ ಬಳಿ ಹೋದಳು. ಮೆತ್ತೆಯಲ್ಲಿದ್ದ ಸೂಜಿಗಳ ದಾರವನ್ನೆಲ್ಲ ಒಂದೊಂದಾಗಿ ಎಳೆದು ತೆಗೆದಳು. ಒಂದೇ ಒಂದನ್ನು ಇಟ್ಟುಕೊಂಡು, ಅದರ ದಾರವನ್ನೂ ಗೇಣುದ್ದಕ್ಕೆ ಕಚ್ಚಿ ತುಂಡು ಮಾಡಿದಳು. ಇನ್ನು ಮೇಲೆ ಬೇಗ ಬೇಗ ಮುಗಿಯಲಿ, ಮುಗಿದಾಗಲೆಲ್ಲ ಸೂಜಿ ನಿಲ್ಲಲಿ. ನಾದಿನಿ ಸಂಜೆ ಬಂದು ಸವತಿಯ ಸುದ್ದಿ ಕೇಳಿಯೇ ಕೇಳುತ್ತಾಳೆ. ಗಂಡನಿಗಾಗಲಿ, ನಾದಿನಿಗಾಗಲಿ, ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಳ್ಳುವ ಆ ಪರದೆಗಾಗಲಿ ಇದನ್ನು ಹೇಳುವುದಿಲ್ಲ ಎಂದು ತೀರ್ಮಾನಿಸಿ, ಅವಳು ಅರ್ಧಕ್ಕೆ ಬಿಟ್ಟಿದ್ದ ಅಂಗಿಯನ್ನು ಮಡಿಲಿಗೆ ಎಳೆದುಕೊಂಡಳು.